ತಲೆಗೂದಲ ಬಣ್ಣ: ಹಾಕುವ ಮತ್ತು ತೆಗೆಯುವ ವಿದ್ಯೆಯ ಇತಿಹಾಸ

ತಲೆಗೂದಲಿಗೆ ನೀಲಿ, ಹಸಿರು, ನೇರಳೆ, ಗುಲಾಬಿ ಮುಂತಾದ ಕಣ್ಸೆಳೆಯುವ ಬಣ್ಣಗಳನ್ನು ಹಾಕಿಸಿಕೊಳ್ಳುವ ರೂಢಿ ನಮ್ಮ ಮಹಾನಗರಗಳಲ್ಲಿ ಈಗ ಅಪರೂಪವಾಗಿ ಉಳಿದಿಲ್ಲ. ಇದನ್ನು ಕಂಡ ಹಿರಿಯರು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಆಡಿ ಸುಮ್ಮನಾಗುತ್ತಾರೆ: ಪಾಶ್ಚಾತ್ಯರ ಅನುಕರಣೆ ಎಂಬುದು ಒಂದು, ಎಳೆಯರ ಹುಚ್ಚು ಎಂಬುದು ಇನ್ನೊಂದು. ಎರಡರಲ್ಲಿಯೂ ಸ್ವಲ್ಪ ಸತ್ಯಾಂಶವಿದ್ದೀತು. ಆದರೆ ಸಲೂನಿನ ಕುರ್ಚಿಯಲ್ಲಿ ನಡೆಯುವ ಈ ಕೆಲಸದ ವಂಶಾವಳಿಯನ್ನು ಹುಡುಕುತ್ತ ಹೊರಟವನು ಕೊನೆಗೆ ಬಂದು ನಿಲ್ಲುವುದು ಬಟ್ಟೆಗೆ ಬಣ್ಣ ಕಟ್ಟುವವನ ಅಂಗಳದಲ್ಲಿ. ಬಟ್ಟೆಯನ್ನು ಬಿಳುಪು ಮಾಡುವುದು, ಬಣ್ಣ ಹಿಡಿಸುವುದು, ಕೆಟ್ಟ ಬಣ್ಣವನ್ನು ಇಳಿಸುವುದು, ಈ ಮೂರು ವಿದ್ಯೆಗಳೂ ಅಲ್ಲಿಂದ ತಲೆಯ ಮೇಲಕ್ಕೆ ಏರಿದವು. ಹೀಗೆ ಏರಿದುದರಿಂದ ಆದ ಲಾಭವೇನು, ತೆತ್ತ ಬೆಲೆಯೇನು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ನಮ್ಮ ದೇಶದ ಹಳೆಯ ಆಧಾರವೊಂದರಿಂದ ಆರಂಭಿಸಬಹುದು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿ ಎಂಬ ಅಧ್ಯಾಯವಿದೆ. ಸುಗಂಧದ್ರವ್ಯಗಳ ವಿಚಾರಕ್ಕೆ ಮೊದಲು ಆಚಾರ್ಯನು ಎತ್ತಿಕೊಳ್ಳುವುದು ಕೂದಲ ಬಣ್ಣವನ್ನೇ. ತಲೆ ನರೆತವನಿಗೆ ಹೂಮಾಲೆಯಾಗಲಿ ಆಭರಣವಾಗಲಿ ಒಪ್ಪುವುದಿಲ್ಲವಾದುದರಿಂದ ಮೊದಲು ಕೂದಲನ್ನು ನೋಡಿಕೊಳ್ಳಬೇಕೆಂಬುದು ಅವನ ಅಭಿಪ್ರಾಯ. ಅವನು ಹೇಳುವ ಕ್ರಮ ಹೀಗಿದೆ: ಹಾರಕದ ಅಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಹುಳಿಗಂಜಿಯೊಡನೆ ಬೇಯಿಸಿ, ಕಬ್ಬಿಣದ ಪುಡಿ ಸೇರಿಸಿ, ನುಣ್ಣಗೆ ಅರೆದು, ಹುಳಿಯಿಂದ ತೋಯಿಸಿದ ತಲೆಗೆ ಹಚ್ಚಿ ಹಸಿ ಎಲೆಗಳಿಂದ ಕಟ್ಟಬೇಕು. ಎರಡು ಜಾವ ಕಳೆದ ತರುವಾಯ ಅದನ್ನು ತೆಗೆದು ನೆಲ್ಲಿಕಾಯಿಯ ಲೇಪ ಹಚ್ಚಿ ಮತ್ತೆ ಎಲೆ ಕಟ್ಟಿ ಇನ್ನೆರಡು ಜಾವ ಇರಬೇಕು. ತೊಳೆದಾಗ ಕೂದಲು ಕಪ್ಪಾಗುತ್ತದೆ. ಕಬ್ಬಿಣದ ಮತ್ತು ಹುಳಿಯ ವಾಸನೆಯನ್ನು ಕಳೆಯಲು ಪರಿಮಳದ ಎಣ್ಣೆ, ಸ್ನಾನದ್ರವ್ಯಗಳನ್ನು ಬೇರೆ ಹೇಳಿದ್ದಾನೆ. ಹನ್ನೆರಡು ಗಂಟೆ ತಲೆಗೆ ಎಲೆ ಕಟ್ಟಿಕೊಂಡು ಕುಳಿತವನಿಗೆ ಅದರ ಅಗತ್ಯ ಖಂಡಿತವಾಗಿಯೂ ಇತ್ತು!

ಈ ವಿಧಾನವನ್ನು ಇಂದಿನ ರಸಾಯನಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಅದ್ಭುತವೇನೂ ಇಲ್ಲ, ಜಾಣತನವಿದೆ. ಹುಳಿಯಲ್ಲಿ ಕರಗಿದ ಕಬ್ಬಿಣವು ನೆಲ್ಲಿಕಾಯಿಯ ಒಗರಿನೊಡನೆ ಕೂಡಿ ಕಪ್ಪಾಗುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣದಿಂದ ಬರವಣಿಗೆಯ ಮಸಿ ಮಾಡುತ್ತಿದ್ದ ಕ್ರಮವೂ ಇದೇ. ಒಗರು ಹಿಡಿಸಿದ ಬಟ್ಟೆಯನ್ನು ಕಬ್ಬಿಣದ ನೀರಿನಲ್ಲಿ ಅದ್ದಿ ಕಪ್ಪು ಬಣ್ಣ ಕಟ್ಟುತ್ತಿದ್ದ ಕ್ರಮವೂ ಇದೇ. ಅಂದರೆ ಹದಿನಾಲ್ಕು ಶತಮಾನಗಳ ಹಿಂದೆಯೇ ಕೇಶರಾಗವು ಬಣ್ಣಗಾರನ ವಿದ್ಯೆಯ ಒಂದು ಕವಲಾಗಿತ್ತು.

ಆದರೆ ವರಾಹಮಿಹಿರನ ಗುರಿ ಕಪ್ಪೊಂದೇ. ಹೋದ ಕಪ್ಪನ್ನು ಮರಳಿ ತರುವುದು ಅವನ ಉದ್ದೇಶ. ಇಂದಿನ ನೀಲಿ, ಗುಲಾಬಿಗಳ ಸಮಸ್ಯೆ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಇರುವ ಕಪ್ಪನ್ನು ಮೊದಲು ಕಳೆಯಬೇಕು. ಕರಿಯ ಕಂಬಳಿಯನ್ನು ಅರಿಸಿನದ ನೀರಿನಲ್ಲಿ ಎಷ್ಟು ಹೊತ್ತು ಅದ್ದಿದರೂ ಅದು ಹಳದಿಯಾಗುವುದಿಲ್ಲ. ಕೂದಲ ಒಳಪದರದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯವು ಬೆಳಕನ್ನೆಲ್ಲ ನುಂಗುತ್ತಿರುವವರೆಗೆ ಮೇಲೆ ಹಚ್ಚಿದ ಬಣ್ಣ ಕಾಣಿಸದು. ಗೋರಂಟಿ ನಮ್ಮಲ್ಲಿ ನರೆಗೂದಲ ಮೇಲೆ ಕೆಂಪಾಗಿ, ಕಪ್ಪುಗೂದಲ ಮೇಲೆ ಬರಿಯ ಹೊಳಪಾಗಿ ತೋರುವುದೂ ಇದರಿಂದಲೇ.

ಕಪ್ಪನ್ನು ಕಳೆಯುವ ಪ್ರಯತ್ನಗಳು ಯೂರೋಪಿನಲ್ಲಿ ಬಹು ಹಿಂದಿನವು. ರೋಮಿನ ಕವಿ ಓವಿಡ್ ತನ್ನ ಪ್ರಿಯೆಯ ಕೂದಲು ಬಣ್ಣದ ಹುಚ್ಚಿನಿಂದ ಉದುರಿಹೋದುದನ್ನು ಕುರಿತು ಒಂದು ಕವಿತೆಯನ್ನೇ ಬರೆದಿದ್ದಾನೆ. ಹದಿನಾರನೆಯ ಶತಮಾನದ ವೆನಿಸ್ ನಗರದ ಸ್ತ್ರೀಯರು ಮಾಳಿಗೆಯ ಮೇಲಿನ ಮರದ ಅಟ್ಟಗಳಲ್ಲಿ ಬಿಸಿಲಿಗೆ ಕುಳಿತು, ನಡುವೆ ತೂತಿರುವ ಅಗಲ ಅಂಚಿನ ಟೊಪ್ಪಿಗೆಯ ಮೇಲೆ ಕೂದಲನ್ನು ಹರಡಿ, ದ್ರಾವಣಗಳನ್ನು ಮತ್ತೆ ಮತ್ತೆ ಸವರಿಕೊಳ್ಳುತ್ತಿದ್ದರು. ೧೫೯೦ರಲ್ಲಿ ಪ್ರಕಟವಾದ ಚೇಸರೆ ವೆಚೆಲ್ಲಿಯೋನ ಉಡುಪುಗಳ ಗ್ರಂಥದಲ್ಲಿ ಇದರ ಚಿತ್ರವಿದೆ. ಮಡಿವಾಳರು ಕೋರಾ ಬಟ್ಟೆಯನ್ನು ಚೌಳಿನಲ್ಲಿ ನೆನೆಸಿ ಹುಲ್ಲಿನ ಮೇಲೆ ಬಿಸಿಲಿಗೆ ಹರವುತ್ತಿದ್ದುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಬಟ್ಟೆಯ ವಿಷಯದಲ್ಲಿ ಬಿಸಿಲಿನ ಈ ತಪಸ್ಸನ್ನು ತಪ್ಪಿಸಿದವನು ಫ್ರೆಂಚ್ ವಿಜ್ಞಾನಿ ಬರ್ತೊಲೆ. ೧೭೮೫ರಲ್ಲಿ ಕ್ಲೋರಿನಿನಿಂದ ಬಟ್ಟೆಯನ್ನು ಬಿಳುಪು ಮಾಡುವುದನ್ನು ತೋರಿಸಿದನು. ಕೂದಲಿಗೆ ಒದಗಿದ ಹೈಡ್ರೋಜನ್ ಪೆರಾಕ್ಸೈಡನ್ನು ಥೆನಾರ್ ೧೮೧೮ರಲ್ಲಿ ಕಂಡುಹಿಡಿದನು. ೧೮೬೭ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಲಂಡನ್ನಿನ ಒಬ್ಬ ರಸಾಯನಜ್ಞನೂ ಪ್ಯಾರಿಸ್ಸಿನ ಒಬ್ಬ ಕೇಶಶೃಂಗಾರಕನೂ ಕೂಡಿ ಅದರಿಂದ ಕೂದಲನ್ನು ಹೊಂಬಣ್ಣಕ್ಕೆ ತಂದು ತೋರಿಸಿದರು. ಅಲ್ಲಿಂದ ಬಿಸಿಲಿನ ಕೆಲಸವನ್ನು ಸೀಸೆ ಮಾಡತೊಡಗಿತು.

ಬಿಳುಪಿನ ಕಥೆ ಹೀಗಾದರೆ ಬಣ್ಣದ ಕಥೆಯಲ್ಲಿ ನಮ್ಮ ದೇಶಕ್ಕೂ ಪಾತ್ರವಿದೆ, ಬಹುಮಟ್ಟಿಗೆ ನಷ್ಟ ಹೊಂದಿದವರ ಪಾತ್ರ. ೧೮೫೬ರಲ್ಲಿ ಹದಿನೆಂಟು ವಯಸ್ಸಿನ ವಿಲಿಯಂ ಪರ್ಕಿನ್, ಲಂಡನ್ನಿನಲ್ಲಿ ತನ್ನ ಗುರು ಹಾಫ್‌ಮನ್ನನ ಬಳಿ ಕಲಿಯುತ್ತಿದ್ದಾಗ, ಮಲೇರಿಯಾಕ್ಕೆ ಮದ್ದಾದ ಕ್ವಿನೈನನ್ನು ಕೃತಕವಾಗಿ ತಯಾರಿಸಹೋಗಿ ನೇರಳೆ ಬಣ್ಣವೊಂದನ್ನು ಪಡೆದನು. ಕಲ್ಲಿದ್ದಲ ಟಾರಿನಿಂದ ಬಣ್ಣಗಳ ಸಂತಾನವೇ ಹುಟ್ಟಿತು: ೧೮೬೧ರಲ್ಲಿ ಮೀಥೈಲ್ ವಯೊಲೆಟ್, ೧೮೭೬ರಲ್ಲಿ ಮೆಥಿಲೀನ್ ಬ್ಲೂ. ೧೮೯೭ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದುದು, ಭಾರತದ ನೀಲಿಯ ಬೆಳೆ ಕುಸಿದುದು ಎಲ್ಲರಿಗೂ ತಿಳಿದ ವಿಷಯ. ಬೆಳಗಾವಿ, ಧಾರವಾಡ, ಬಿಜಾಪುರ ಪ್ರಾಂತಗಳಲ್ಲಿ ನೀಲಿ ಕಟ್ಟುವುದೇ ಕುಲಕಸುಬಾಗಿದ್ದ ನೀಲಗಾರರ ಮಾತು ಮುಂದೆ ಬರಲಿದೆ.

ಟಾರಿನ ಈ ಸಂತಾನದಿಂದ ತಲೆಗೆ ಎರಡು ಬಗೆಯ ಬಣ್ಣಗಳು ಬಂದವು. ಮೊದಲನೆಯದು ಪ್ಯಾರಾಫಿನೈಲೀನ್ ಡೈಅಮೀನ್. ಇದನ್ನು ೧೮೬೩ರಲ್ಲಿ ಹಾಫ್‌ಮನ್ ವರ್ಣಿಸಿದನು. ೧೮೮೮ರಲ್ಲಿ ಎರ್ಡ್‌ಮನ್ ಎಂಬ ಜರ್ಮನನು ಕೂದಲಿಗೂ ತುಪ್ಪಳಕ್ಕೂ ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದನು. ಇದು ಬಣ್ಣವಿಲ್ಲದ ಸಣ್ಣ ಅಣುವಾಗಿ ಕೂದಲ ಒಳಹೊಕ್ಕು, ಪೆರಾಕ್ಸೈಡಿನ ಸಂಗಡ ಅಲ್ಲಿಯೇ ಬೆಳೆದು ದೊಡ್ಡದಾಗಿ ಕಪ್ಪು ಅಥವಾ ಕಂದು ಬಣ್ಣ ತಾಳುತ್ತದೆ. ನರೆ ಮುಚ್ಚುವ ಸಾಮಾನ್ಯ ಬಣ್ಣಗಳಲ್ಲಿ ಬಹುಪಾಲು ಈ ಜಾತಿಯವು.

ನಮಗೆ ಮುಖ್ಯವಾದುದು ಎರಡನೆಯ ಬಗೆ. ಮೀಥೈಲ್ ವಯೊಲೆಟ್ಟಿನಂಥ ಬಣ್ಣಗಳು ಮೊದಲೇ ಬಣ್ಣವುಳ್ಳವು. ಅವುಗಳ ಅಣುಗಳಿಗೆ ಧನವಿದ್ಯುದಂಶವಿರುತ್ತದೆ. ರೇಷ್ಮೆ ಮತ್ತು ಉಣ್ಣೆಯ ಮೇಲೆ ಅವು ಬೇರಾವ ಬಣ್ಣಕ್ಕೂ ಇಲ್ಲದ ಕಾಂತಿಯಿಂದ ಬೆಳಗುತ್ತಿದ್ದವು. ಆದರೆ ಬಿಸಿಲಿಗೂ ನೀರಿಗೂ ಬಹುಬೇಗ ಮಾಸುತ್ತಿದ್ದವು. ಆದುದರಿಂದ ಗಟ್ಟಿ ಬಣ್ಣಗಳು ಬಂದಂತೆ ಬಟ್ಟೆಯ ಕಾರ್ಖಾನೆಗಳು ಇವನ್ನು ಬದಿಗೊತ್ತಿದವು. ಬಟ್ಟೆಗೆ ದೋಷವಾಗಿದ್ದ ಈ ಗುಣವೇ ತಲೆಗೆ ಅನುಕೂಲವಾಯಿತು. ಕೆಲವು ವಾರಗಳಲ್ಲಿ ಮಾಸುವ ಬಣ್ಣವು ಸೀರೆಯ ವ್ಯಾಪಾರಿಗೆ ಅಪಕೀರ್ತಿ ತರುತ್ತದೆ, ಷೋಕಿಯ ತಲೆಗೆ ಇನ್ನೊಂದು ಬಣ್ಣಕ್ಕೆ ಎಡೆಮಾಡಿಕೊಡುತ್ತದೆ. ಕೂದಲೂ ಉಣ್ಣೆಯೂ ಕೆರಾಟಿನ್ ಎಂಬ ಒಂದೇ ಪದಾರ್ಥದಿಂದಾದವು ಎಂಬುದನ್ನು ನೆನೆದರೆ ಈ ಸ್ಥಳಾಂತರ ಸಹಜವಾಗಿಯೇ ತೋರುತ್ತದೆ. ಬಿಳುಪು ಮಾಡಿದಾಗ ಕೆರಾಟಿನ್ನಿನ ಗಂಧಕದ ಬಂಧಗಳು ಒಡೆದು ಅಲ್ಲಿ ಋಣವಿದ್ಯುದಂಶದ ಆಮ್ಲಭಾಗಗಳು ಹುಟ್ಟುತ್ತವೆ. ಧನಾಂಶದ ಬಣ್ಣ ಅಲ್ಲಿ ಹೋಗಿ ಅಂಟಿಕೊಳ್ಳುತ್ತದೆ. ಕೂದಲು ಎಷ್ಟು ಜಖಂಗೊಂಡಿದೆಯೋ ಅಷ್ಟು ಚೆನ್ನಾಗಿ ಬಣ್ಣ ಹಿಡಿಯುತ್ತದೆ.

ಈ ಬಣ್ಣಗಳಿಗೆ ಸಾಮಾಜಿಕ ಅರ್ಥ ಬಂದುದು ೧೯೭೦ರ ದಶಕದ ನಡುವಿನಲ್ಲಿ, ಲಂಡನ್ ಮತ್ತು ನ್ಯೂಯಾರ್ಕ್ ನಗರಗಳ ಪಂಕ್ ಎಂಬ ಯುವಜನರ ಸಂಗೀತ ಚಳವಳಿಯಿಂದ. ೧೯೭೭ರಲ್ಲಿ ಟಿಶ್ ಮತ್ತು ಸ್ನೂಕಿ ಬೆಲ್ಲೊಮೊ ಎಂಬ ಗಾಯಕಿ ಸೋದರಿಯರು ನ್ಯೂಯಾರ್ಕಿನ ಸೇಂಟ್ ಮಾರ್ಕ್ಸ್ ಪ್ಲೇಸ್ ಬೀದಿಯಲ್ಲಿ ಮ್ಯಾನಿಕ್ ಪ್ಯಾನಿಕ್ ಎಂಬ ಅಂಗಡಿ ತೆರೆದು ಇಂಥ ಬಣ್ಣಗಳನ್ನು ಮಾರಿದರು. ಅಲ್ಲಿಯವರೆಗೆ ಬಣ್ಣ ಹಾಕಿಸಿಕೊಂಡವರ ಆಸೆ ಅದು ಯಾರಿಗೂ ತಿಳಿಯಬಾರದೆಂಬುದು. ಇವರದು ಎಲ್ಲರಿಗೂ ತಿಳಿಯಲೆಂಬುದು.

ಇಂದಿನ ಸಲೂನಿನ ಕ್ರಮವನ್ನು ಗಮನಿಸೋಣ. ಕಸುಬುದಾರರು ಕೂದಲ ಛಾಯೆಯನ್ನು ಕಪ್ಪಿನಿಂದ ಹೊಂಬಿಳುಪಿನವರೆಗೆ ೧ರಿಂದ ೧೦ರವರೆಗೆ ಎಣಿಸುತ್ತಾರೆ. ನಮ್ಮವರ ಕೂದಲು ಸಾಮಾನ್ಯವಾಗಿ ಒಂದು, ಎರಡು, ಮೂರರ ಮೆಟ್ಟಿಲಿನದು. ಪರ್ಸಲ್ಫೇಟ್ ಪುಡಿಯನ್ನು ಪೆರಾಕ್ಸೈಡಿನೊಡನೆ ಕಲಸಿ ಹಚ್ಚಿದಾಗ ಕಪ್ಪು ಒಮ್ಮೆಗೇ ಬಿಳಿಯಾಗುವುದಿಲ್ಲ. ಕೆಂಪು, ಕಿತ್ತಳೆ, ಹಳದಿ ಎಂಬ ಘಟ್ಟಗಳನ್ನು ದಾಟಿ ಬಾಳೆಹಣ್ಣಿನ ಸಿಪ್ಪೆಯ ಒಳಮೈಯಷ್ಟು ತಿಳಿಯಾಗಬೇಕು. ಅವಸರಪಟ್ಟು ಹಳದಿಯಲ್ಲಿಯೇ ನಿಲ್ಲಿಸಿ ನೀಲಿ ಹಚ್ಚಿದರೆ ಹಸಿರಾಗುತ್ತದೆ. ತಲೆಬುರುಡೆಯ ಶಾಖದಿಂದ ಬುಡದಲ್ಲಿ ಕ್ರಿಯೆ ವೇಗವಾಗುವುದರಿಂದ, ಅರ್ಧ ಅಂಗುಲ ಬಿಟ್ಟು ನಡುವಿನಿಂದ ಹಚ್ಚಿ, ಬುಡವನ್ನು ಕಡೆಗೆ ಮುಗಿಸುತ್ತಾರೆ. ಕರಿಗೂದಲಿಗೆ ಒಂದೇ ದಿನದಲ್ಲಿ ಇದೆಲ್ಲ ಆಗಬೇಕೆಂದು ಹಟ ಹಿಡಿವ ಗಿರಾಕಿಗೆ ನಾಲ್ಕಾರು ವಾರಗಳ ಅಂತರದಲ್ಲಿ ಎರಡು ಮೂರು ಸಲ ಬರಲು ಹೇಳುವವನೇ ನಂಬತಕ್ಕ ಕಸುಬುದಾರ. ಇದಕ್ಕೆ ಹೋಲಿಸಿದರೆ ಬಣ್ಣ ಹಚ್ಚುವುದು ಸುಲಭ: ಕೈಚೀಲ ತೊಟ್ಟು, ಎಳೆಎಳೆಯಾಗಿ ಸವರಿ, ಅರ್ಧ ಗಂಟೆ ಬಿಟ್ಟು, ತಣ್ಣೀರಿನಲ್ಲಿ ತೊಳೆದರಾಯಿತು.

ನಿಜವಾದ ವಿದ್ಯೆ ಇರುವುದು ತೆಗೆಯುವುದರಲ್ಲಿ. ಇಲ್ಲಿ ನೀಲಗಾರರನ್ನು ನೆನೆಯಬೇಕು. ನೀಲಿಯು ನೀರಿನಲ್ಲಿ ಕರಗದ ವಸ್ತು. ದಕ್ಷಿಣ ದೇಶದ ನೀಲಗಾರನು ಸುಣ್ಣ, ತಗಚೆ ಬೀಜ ಮುಂತಾದವನ್ನು ಹರವಿಯಲ್ಲಿ ಹುಳಿಯಿಸಿ ಅದರ ಬಣ್ಣವನ್ನೇ ಕಸಿದುಕೊಳ್ಳುತ್ತಿದ್ದನು. ಶಾಸ್ತ್ರದ ಮಾತಿನಲ್ಲಿ ಇದು ಅಪಕರ್ಷಣ. ಹಳದಿ ಹಸಿರಾಗಿ ಕರಗಿದ ಆ ದ್ರವದಲ್ಲಿ ಅದ್ದಿದ ನೂಲು, ಗಾಳಿಗೆ ಹಿಡಿದೊಡನೆ ಕಣ್ಣೆದುರಿಗೇ ಮತ್ತೆ ನೀಲಿಯಾಗುತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಹರವಿಯ ಹುಳಿಯ ಸ್ಥಾನಕ್ಕೆ ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಗಂಧಕದ ಪುಡಿ ಬಂದಿತು. ನೇಕಾರರ ಊರುಗಳಲ್ಲಿ ಇದಕ್ಕೆ ಹೈಡ್ರೋಸ್ ಎಂದೇ ಹೆಸರು. ನೀಲಿ ಕರಗಿಸಲೂ, ಕೆಟ್ಟ ಬಣ್ಣ ಇಳಿಸಲೂ ಅದೇ ಬೇಕು. ಸಲೂನಿನಲ್ಲಿ ಬಣ್ಣ ತೆಗೆಯಲು ಬಳಸುವ ದ್ರಾವಣಗಳಲ್ಲಿ ಹಲವು ಇದೇ ಕುಲದ ಅಪಕರ್ಷಕಗಳು. ಅವುಗಳ ಕೊಳೆತ ಮೊಟ್ಟೆಯಂಥ ವಾಸನೆಯೇ ಕುಲವನ್ನು ಸಾರುತ್ತದೆ. ಮೊದಲ ಬಗೆಯ ಕಪ್ಪು ಬಣ್ಣವನ್ನು ಅವು ಮತ್ತೆ ಸಣ್ಣ ಅಣುಗಳಾಗಿ ಬಿಡಿಸುತ್ತವೆ. ಆ ಅಣುಗಳನ್ನು ಬಹಳ ಹೊತ್ತು ತೊಳೆದು ಹೊರಹಾಕದಿದ್ದರೆ, ನೀಲಗಾರನ ನೂಲಿನಂತೆ ಕೂದಲೂ ಗಾಳಿಯಲ್ಲಿ ಮರುದಿನ ಮತ್ತೆ ಕಪ್ಪಾಗುತ್ತದೆ.

ಎರಡನೆಯ ಬಗೆಯ ಬಣ್ಣಗಳಲ್ಲಿ ಪ್ರತಿಯೊಂದರ ಹಟವೂ ಬೇರೆ. ಗುಲಾಬಿ ಬೇಗ ಸಡಿಲಾಗುತ್ತದೆ. ಕೆಂಪು ಹೋದಂತೆ ಕಂಡರೂ ಕಿತ್ತಳೆಯ ಕಲೆ ಉಳಿಸುತ್ತದೆ. ನೀಲಿ, ಹಸಿರುಗಳು ಎಲ್ಲಕ್ಕಿಂತ ಮೊಂಡು. ಅವುಗಳ ಮೇಲೆ ಬಲವಾದ ಬ್ಲೀಚು ಹಾಕಿದರೆ ಕೆಲವೊಮ್ಮೆ ಕೂದಲು ಹೋಗುತ್ತದೆ, ಬಣ್ಣ ಉಳಿಯುತ್ತದೆ. ಆದುದರಿಂದ ಅನುಭವಸ್ಥರು ಮೊದಲು ಬಿಸಿನೀರು ಮತ್ತು ಗಡಸು ಶಾಂಪುವಿನಿಂದ ಪ್ರಯತ್ನಿಸಿ, ಅನಂತರ ಅಪಕರ್ಷಕ ಬಳಸಿ, ಶಾಂಪುವಿನಲ್ಲಿ ಕಲಸಿದ ದುರ್ಬಲ ಬ್ಲೀಚನ್ನು ಕಡೆಯ ಉಪಾಯವಾಗಿ ಇಟ್ಟುಕೊಳ್ಳುತ್ತಾರೆ. ಇಷ್ಟಕ್ಕೂ ಹೋಗದ ಹಸಿರಿನ ಮೇಲೆ ತೆಳುವಾಗಿ ಕೆಂಪು ಹಚ್ಚಿ ಕಂದು ಮಾಡಿಬಿಡುವುದುಂಟು. ಬ್ಯಾಂಕಿನ ಪುಸ್ತಕದಲ್ಲಿ ಒಮ್ಮೆ ಬರೆದ ನಮೂದನ್ನು ಕೆರೆದು ಅಳಿಸುವಂತಿಲ್ಲ, ಎದುರು ನಮೂದು ಹಾಕಿ ಸರಿದೂಗಿಸಬೇಕು. ನನ್ನ ಕಸುಬಿನ ಈ ನಿಯಮ ಅಲ್ಲಿಯೂ ಸಲ್ಲುತ್ತದೆಂದು ತಿಳಿದು ನನಗೆ ಆಶ್ಚರ್ಯವೇ ಆಯಿತು. ಲೋಹದ ಲವಣ ಬೆರೆತ ಬಣ್ಣಗಳಿದ್ದ ತಲೆಗೆ ಪೆರಾಕ್ಸೈಡ್ ತಗುಲಿದರೆ ಕೂದಲು ಕಾದು ಸುಡುವ ಅಪಾಯವೂ ಉಂಟು. ವರಾಹಮಿಹಿರನ ಲೇಪ ಹಚ್ಚಿಕೊಂಡವನು ಯಾರಾದರೂ ಇಂದಿನ ಸಲೂನಿಗೆ ಬಂದರೆ ಮೊದಲು ಒಂದೇ ಎಳೆಯನ್ನು ಕತ್ತರಿಸಿ ಪರೀಕ್ಷಿಸಬೇಕಾದೀತು.

ಬಟ್ಟೆಗೂ ತಲೆಗೂ ಇರುವ ಭೇದ ಇಲ್ಲಿ ಮುಂದೆ ಬರುತ್ತದೆ. ಕೆಟ್ಟ ಬಟ್ಟೆಯನ್ನು ಎಸೆಯಬಹುದು. ಕೂದಲ ಕೆಳಗೆ ಜೀವವಿರುವ ಚರ್ಮವಿದೆ. ಅಮೆರಿಕದಲ್ಲಿ ೧೯೩೩ರ ಸುಮಾರಿಗೆ ಲ್ಯಾಷ್ ಲ್ಯೂರ್ ಎಂಬ ರೆಪ್ಪೆಗೂದಲ ಬಣ್ಣ ಮಾರಾಟದಲ್ಲಿತ್ತು. ಅದರಲ್ಲಿದ್ದುದು ಹಾಫ್‌ಮನ್ನನ ಪ್ಯಾರಾಫಿನೈಲೀನ್ ಡೈಅಮೀನ್. ಅದನ್ನು ಹಚ್ಚಿಸಿಕೊಂಡ ಸ್ತ್ರೀಯೊಬ್ಬಳು ಕಣ್ಣು ಕಳೆದುಕೊಂಡಳು. ಸರಕಾರಕ್ಕೆ ಅದನ್ನು ತಡೆಯುವ ಅಧಿಕಾರ ಆಗ ಇರಲಿಲ್ಲ. ೧೯೩೮ರ ಕಾಯಿದೆಯಿಂದ ಬಂದಿತು. ಆದರೆ ಅದೇ ಕಾಯಿದೆ, ಎಚ್ಚರಿಕೆಯ ಚೀಟಿ ಅಂಟಿಸುವ ಷರತ್ತಿನ ಮೇಲೆ, ಟಾರಿನಿಂದಾದ ತಲೆಗೂದಲ ಬಣ್ಣಗಳಿಗೆ ವಿನಾಯಿತಿಯನ್ನೂ ಕೊಟ್ಟಿತು. ನಮ್ಮ ದೇಶದ ನಿಯಮಗಳೂ ಇಂಥ ಎಚ್ಚರಿಕೆಯನ್ನು ಬೇಡುತ್ತವೆ: ಮೊದಲು ಸ್ವಲ್ಪ ಹಚ್ಚಿ ಪರೀಕ್ಷಿಸಿರಿ, ರೆಪ್ಪೆಗೂ ಹುಬ್ಬಿಗೂ ಹಚ್ಚಬೇಡಿರಿ, ಕುರುಡು ಬಂದೀತು. ಡಬ್ಬಿಯ ಮೇಲೆ ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಈ ಮಾತಿನ ಹಿಂದೆ ಆ ಕಣ್ಣಿನ ಕಥೆಯಿದೆ.

ನೀಲಿ, ಗುಲಾಬಿಗಳಲ್ಲಿ ಈ ದ್ರವ್ಯ ಸಾಮಾನ್ಯವಾಗಿ ಇರುವುದಿಲ್ಲವೆಂಬುದು ಸಮಾಧಾನದ ಸಂಗತಿ. ಆದರೆ ಅವಕ್ಕೆ ದಾರಿ ಮಾಡಿಕೊಡುವ ಬ್ಲೀಚು ಗಿರಾಕಿಯ ತಲೆಯನ್ನು ಸುಡಬಲ್ಲದು. ಅದರ ಪರ್ಸಲ್ಫೇಟ್ ಪುಡಿಯನ್ನು ದಿನವೂ ಉಸಿರಾಡುವ ಸಲೂನಿನ ಕೆಲಸಗಾರರಿಗೆ ಗೂರಲು ಬರುವುದುಂಟು. ನೀರು, ಶಾಂಪು, ಬಣ್ಣಗಳಲ್ಲಿ ನೆನೆದ ಕೈಗಳಿಗೆ ಇಸುಬು ಬರುವುದುಂಟು. ಇವೆರಡೂ ಆ ಕಸುಬಿನ ರೋಗಗಳೆಂದು ವೈದ್ಯರು ಗುರುತಿಸಿದ್ದಾರೆ. ಬರ್ತೊಲೆ, ಥೆನಾರ್, ಹಾಫ್‌ಮನ್, ಪರ್ಕಿನ್ ಎಂಬ ಹೆಸರುಗಳನ್ನು ಈ ಲೇಖನದಲ್ಲಿ ಬರೆಯಲು ನನಗೆ ಕಷ್ಟವಾಗಲಿಲ್ಲ. ಗ್ರಂಥಗಳಲ್ಲಿ ಅವು ಸಿದ್ಧವಾಗಿವೆ. ಮೊಣಕೈವರೆಗೆ ಕೈ ನೀಲಿಯಾಗಿದ್ದ ನೀಲಗಾರನೊಬ್ಬನ ಹೆಸರನ್ನಾಗಲಿ, ಹಸಿರನ್ನು ಕೆಂಪಿನಿಂದ ಅಡಗಿಸಬಹುದೆಂದು ಕುರ್ಚಿಯ ಹಿಂದೆ ನಿಂತು ಮೊದಲು ಕಂಡುಕೊಂಡವಳ ಹೆಸರನ್ನಾಗಲಿ ಬರೆಯಲು ನನ್ನಲ್ಲಿ ಆಧಾರವಿಲ್ಲ.