ಎಷ್ಟು ಜನ ಬಂದರೆ ಹೆಚ್ಚು? ಕಾಡಿನ ಜಂಗುಳಿಯನ್ನು ಅಳೆದವರ ಕಥೆ

ರಾಷ್ಟ್ರೀಯ ಉದ್ಯಾನಗಳಿಗೆ ಬಂದವರ ಕೈಗೆ ಪ್ರಶ್ನಾವಳಿ ಕೊಡುವುದು ಈಗ ಅನೇಕ ದೇಶಗಳಲ್ಲಿ ರೂಢಿ. ಇಲ್ಲಿ ಜನ ಜಾಸ್ತಿಯಾದರು ಅನ್ನಿಸಿತೇ? ಬಂದುಹೋಗುವವರಿಂದ ಈ ಜಾಗ ಹಾಳಾಗಿದೆ ಅನ್ನಿಸಿತೇ? ಒಂದೇ ಹಾಳೆಯಲ್ಲಿ ಒಂದರ ಕೆಳಗೊಂದು ಇರುವ ಈ ಪ್ರಶ್ನೆಗಳು ಅಕ್ಕತಂಗಿಯರಂತೆ ಕಾಣುತ್ತವೆ. ಆದರೆ ಸುಮಾರು ನೂರು ವರ್ಷಗಳ ಅಧ್ಯಯನವನ್ನು ಸಾಲಾಗಿಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಮೊದಲನೆಯ ಪ್ರಶ್ನೆಗೆ ಪ್ರವಾಸಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಎರಡನೆಯದಕ್ಕೆ ಅವನ ಸಾಕ್ಷ್ಯವನ್ನು ನೆಚ್ಚಿಕೊಳ್ಳುವಂತಿಲ್ಲ. ಈ ವ್ಯತ್ಯಾಸ ತಿಳಿಯಲು ಸಂಶೋಧಕರಿಗೆ ಬಹಳ ಕಾಲ ಹಿಡಿಯಿತು. ಅದನ್ನು ಆಡಳಿತಕ್ಕೆ ಇಳಿಸುವ ಕೆಲಸ ಇನ್ನೂ ಮುಗಿದಿಲ್ಲ.

ಮಣ್ಣಿನಿಂದ ಶುರುವಾದದ್ದು

ಈ ಶಾಸ್ತ್ರ ಬೆಳೆದದ್ದು ಹೆಚ್ಚಾಗಿ ಅಮೆರಿಕದಲ್ಲಿ, ಮತ್ತು ಅದು ಹುಟ್ಟಿದ್ದು ಜನರ ಅಭಿಪ್ರಾಯದಿಂದಲ್ಲ, ಮರದ ಬೇರಿನಿಂದ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಉದ್ಯಾನಗಳಲ್ಲಿ ಸಾವಿರಾರು ವರ್ಷ ಬಾಳಬಲ್ಲ ಮರಗಳ ಬುಡದಲ್ಲಿ ಜನರೂ ಕಾರುಗಳೂ ಓಡಾಡಿ ಮಣ್ಣು ಗಟ್ಟಿಯಾಗುತ್ತಿರುವುದನ್ನು ಸಸ್ಯರೋಗ ತಜ್ಞ ಎಮಿಲಿಯೋ ಮೈನೆಕೆ 1928ರಲ್ಲಿ ವರದಿ ಮಾಡಿದ. ಮರ ನೋಡಲು ಬಂದವರ ಪಾದವೇ ಮರದ ಬೇರಿಗೆ ಕುತ್ತಾಗಿತ್ತು. ಆತ ಸೂಚಿಸಿದ ಮದ್ದು ಸರಳ: ವಾಹನಕ್ಕೆ ಒಮ್ಮುಖದ ಸುತ್ತುದಾರಿ, ಪ್ರತಿ ಡೇರೆಗೂ ಗುರುತು ಮಾಡಿದ ನಿಲುಗಡೆ, ಉಳಿದ ನೆಲಕ್ಕೆ ಬಿಡುವು. ಅಮೆರಿಕದ ಶಿಬಿರತಾಣಗಳು ಇಂದಿಗೂ ಬಹುಮಟ್ಟಿಗೆ ಇದೇ ನಕ್ಷೆಯಲ್ಲಿವೆ.

1930ರ ದಶಕದ ನಡುವಿನಲ್ಲಿ ವನ್ಯಜೀವಿ ತಜ್ಞ ಲೊವೆಲ್ ಸಮ್ನರ್ ಸಿಯೆರಾ ನೆವಾಡಾದ ಎತ್ತರದ ಹುಲ್ಲುಗಾವಲುಗಳನ್ನು ಸುತ್ತಿ ಬಂದು ಇನ್ನೊಂದು ಪ್ರಶ್ನೆ ಎತ್ತಿದ. ಕಾಡಿನ ಕಾಡುತನ ಕೆಡದಂತೆ ಎಷ್ಟು ಜನರನ್ನು ಒಳಗೆ ಬಿಡಬಹುದು? ಮುಂದಿನ ಮೂವತ್ತು ವರ್ಷ ಇದು ‘ಧಾರಣ ಸಾಮರ್ಥ್ಯ’ದ ಲೆಕ್ಕವಾಗಿ ಉಳಿಯಿತು. ಆ ಮಾತು ಬಂದದ್ದು ಗೋಮಾಳದ ಲೆಕ್ಕದಿಂದ. ಇಷ್ಟು ಎಕರೆ ಹುಲ್ಲಿಗೆ ಇಷ್ಟು ದನ ಎಂದಾದರೆ, ಇಷ್ಟು ಎಕರೆ ಕಾಡಿಗೆ ಇಷ್ಟು ಜನ ಎಂದು ಯಾಕಾಗಬಾರದು?

ಎರಡನೇ ಮಹಾಯುದ್ಧದ ನಂತರ ಕಾರು, ರಜೆ, ಹೆದ್ದಾರಿಗಳೆಲ್ಲ ಒಟ್ಟಿಗೆ ಬಂದವು. ಪ್ರವಾಹದಂತೆ ಬರುವ ಜನರಿಗೆ ತಕ್ಕ ಸಿಬ್ಬಂದಿಯೂ ಹಣವೂ ಇಲ್ಲವಾದರೆ ಉದ್ಯಾನಗಳನ್ನು ಮುಚ್ಚಿಬಿಡುವುದೇ ಲೇಸು ಎಂದು ಬರ್ನಾರ್ಡ್ ಡಿವೋಟೋ 1953ರಲ್ಲಿ ಹಾರ್ಪರ್ಸ್ ಪತ್ರಿಕೆಯಲ್ಲಿ ಕಟಕಿಯಾಡಿದ. ಸರ್ಕಾರದ ಉತ್ತರ 1956ರ ‘ಮಿಷನ್ 66’: ಇನ್ನಷ್ಟು ರಸ್ತೆ, ಇನ್ನಷ್ಟು ಕಟ್ಟಡ, ಹಾಗಾಗಿ ಇನ್ನಷ್ಟು ಜನ.

1964: ಪ್ರವಾಸಿಯನ್ನು ಕೇಳಿದ ವರ್ಷ

1964ರಲ್ಲಿ ಮೂರು ಸಂಗತಿಗಳು ಕೂಡಿಬಂದವು. ಅಮೆರಿಕದ ವನಪ್ರದೇಶ ಕಾಯ್ದೆ ಜಾರಿಗೆ ಬಂದು, ಏಕಾಂತಕ್ಕೆ ಅವಕಾಶವಿರುವುದನ್ನು ಇಂಥ ಪ್ರದೇಶದ ಲಕ್ಷಣವೆಂದೇ ಬರೆಯಿತು. ಕಾನೂನಿನಲ್ಲಿ ಏಕಾಂತ ಬಂದ ಮೇಲೆ ಯಾರಾದರೂ ಅದನ್ನು ಅಳೆಯಲೇಬೇಕು. ಅದೇ ವರ್ಷ ಅರಣ್ಯಶಾಸ್ತ್ರಜ್ಞ ಅಲನ್ ವ್ಯಾಗರ್ ತನ್ನ ಪ್ರಬಂಧದಲ್ಲಿ, ನೆಲದ ತಾಳಿಕೆಯನ್ನಷ್ಟೇ ನೋಡಿದರೆ ಲೆಕ್ಕ ಮುಗಿಯುವುದಿಲ್ಲ, ಬಂದವರು ಏನನ್ನು ಬಯಸಿ ಬಂದರು ಎಂಬುದನ್ನೂ ಸೇರಿಸಬೇಕು ಎಂದು ವಾದಿಸಿದ. ಹಾಗೆ ಸೇರಿಸಿದರೆ ಯಾವ ಜಾಗಕ್ಕೂ ಒಂದೇ ಒಂದು ‘ಸರಿಯಾದ’ ಸಂಖ್ಯೆ ಇರುವುದಿಲ್ಲ.

ಮೂರನೆಯದು ರಾಬರ್ಟ್ ಲೂಕಸ್‌ನ ಸಂದರ್ಶನಗಳ ಫಲ. ಮಿನ್ನೆಸೋಟಾದ ಬೌಂಡರಿ ವಾಟರ್ಸ್ ಸರೋವರಗಳಲ್ಲಿ ಹುಟ್ಟು ಹಾಕಿ ದೋಣಿ ನಡೆಸುವವರೂ ಮೋಟಾರು ದೋಣಿಯವರೂ ಇದ್ದರು. ‘ಕಾಡು ಎಲ್ಲಿಂದ ಶುರುವಾಗುತ್ತದೆ?’ ಎಂದು ಕೇಳಿದರೆ ಮೋಟಾರಿನವರಿಗೆ ಅದು ದೊಡ್ಡದಾಗಿ ಕಂಡಿತು, ಹುಟ್ಟಿನವರಿಗೆ ಚಿಕ್ಕದಾಗಿ. ಹುಟ್ಟಿನವರಿಗೆ ಮೋಟಾರಿನವರನ್ನು ಕಂಡರೆ ಆಗದು. ಮೋಟಾರಿನವರಿಗೆ ಹುಟ್ಟಿನವರ ಬಗ್ಗೆ ತಕರಾರೇ ಇಲ್ಲ. ನೀರು ಒಂದೇ, ಸರೋವರ ಒಂದೇ, ಅಳತೆ ಮಾತ್ರ ಎರಡು. ಜಂಗುಳಿ ಎಂದರೆ ತಲೆ ಎಣಿಕೆಯಲ್ಲ, ಯಾರಿಗೆ ಯಾರು ಎದುರಾಗುತ್ತಾರೆ ಎಂಬುದೇ ಮುಖ್ಯ ಎನ್ನಲು ಇದು ಮೊದಲ ಬಲವಾದ ಆಧಾರವಾಯಿತು.

ಒಂಬತ್ತು ಮೆಟ್ಟಿಲಿನ ಅಳತೆಗೋಲು

1972ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಸ್ಟೋಕೋಲ್ಸ್ ದಟ್ಟಣೆ ಬೇರೆ, ಇಕ್ಕಟ್ಟಿನ ಅನುಭವ ಬೇರೆ ಎಂದು ಬಿಡಿಸಿಟ್ಟ. ಮೊದಲನೆಯದು ಎಣಿಕೆ, ಎರಡನೆಯದು ಆ ಎಣಿಕೆಯ ಬಗ್ಗೆ ಮನಸ್ಸು ಕೊಡುವ ತೀರ್ಪು. 1977ರಲ್ಲಿ ವಿಸ್ಕಾನ್ಸಿನ್‌ನ ಬ್ವಾ ಬ್ರೂಲ್ ನದಿಯ ಅಧ್ಯಯನದಲ್ಲಿ ಥಾಮಸ್ ಹೆಬರ್ಲೈನ್ ಮತ್ತು ಜೆರಿ ವಾಸ್ಕೆ ಇದಕ್ಕೊಂದು ಅಳತೆಗೋಲು ಕೊಟ್ಟರು. ‘ಸ್ವಲ್ಪವೂ ಜಂಗುಳಿ ಇಲ್ಲ’ ಎಂಬುದಕ್ಕೆ 1, ‘ವಿಪರೀತ ಜಂಗುಳಿ’ಗೆ 9. ಮೂರು ಅಥವಾ ಅದಕ್ಕಿಂತ ಹೆಚ್ಚು ಅಂಕ ಕೊಟ್ಟವರೆಲ್ಲ ಒಂದಿಷ್ಟಾದರೂ ಇಕ್ಕಟ್ಟು ಅನುಭವಿಸಿದವರು. ಒಂದೇ ಪ್ರಶ್ನೆಯ ಈ ಮಾಪನ ಎಷ್ಟು ಹಗುರವಾಗಿತ್ತೆಂದರೆ ನದಿ, ಬೆಟ್ಟ, ಬೇಟೆಯ ಬಯಲು ಎಲ್ಲ ಕಡೆಗೂ ಹರಡಿತು. 2008ರಲ್ಲಿ ವಾಸ್ಕೆ ಮತ್ತು ಬೊ ಶೆಲ್ಬಿ ಇದೇ ಗೋಲು ಹಿಡಿದ 181 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಲು ಸಾಧ್ಯವಾಯಿತು.

ಅಳೆಯತೊಡಗಿದ ಮೇಲೆ ಒಂದು ಒಗಟು ಎದುರಾಯಿತು. ಜನ ಎಷ್ಟೇ ಹೆಚ್ಚಿದರೂ ‘ಪ್ರವಾಸ ಹೇಗಿತ್ತು?’ ಎಂದರೆ ಬಹುತೇಕರು ‘ಚೆನ್ನಾಗಿತ್ತು’ ಎನ್ನುತ್ತಿದ್ದರು. ಗ್ರ್ಯಾಂಡ್ ಕ್ಯಾನ್ಯನ್‌ನ ಕೊಲೊರಾಡೊ ನದಿಯಲ್ಲಿ ತೆಪ್ಪ ಹತ್ತಿದವರನ್ನು ಅಧ್ಯಯನ ಮಾಡಿ ಶೆಲ್ಬಿ 1980ರಲ್ಲಿ ತೋರಿಸಿದ್ದೂ ಇದನ್ನೇ: ಎಣಿಕೆಗೂ ಸಂತೃಪ್ತಿಗೂ ನಂಟು ತೀರ ಸಡಿಲ.

ಇದಕ್ಕೆ ಕಾರಣಗಳು ಒಂದೊಂದಾಗಿ ಸಿಕ್ಕವು. ರಜೆ ಹಾಕಿ, ಹಣ ಸುರಿದು, ಸಾವಿರ ಮೈಲಿ ಬಂದವನು ತನ್ನ ಆಯ್ಕೆ ತಪ್ಪಾಯಿತೆಂದು ಸುಲಭಕ್ಕೆ ಒಪ್ಪುವುದಿಲ್ಲ. ಮೊದಲ ಸಲ ಬಂದವನಿಗೆ ಹೋಲಿಸಿ ನೋಡಲು ಹಳೆಯ ನೆನಪೇ ಇಲ್ಲ. ಅವನು ಕಂಡದ್ದೇ ಅವನ ಪಾಲಿಗೆ ಸಹಜಸ್ಥಿತಿ. ಕೆಲವರು ಮನಸ್ಸಿನಲ್ಲೇ ಜಾಗದ ವರ್ಗ ಬದಲಿಸಿಕೊಳ್ಳುತ್ತಾರೆ: ಇದು ಕಾಡಲ್ಲ, ಪಿಕ್‌ನಿಕ್ ತಾಣ ಎಂದುಕೊಂಡರೆ ಸಂಕಟವಿಲ್ಲ. ಎಲ್ಲಕ್ಕಿಂತ ದೊಡ್ಡ ಕಾರಣ, ಜಂಗುಳಿ ಸಹಿಸದವರು ಪ್ರಶ್ನಾವಳಿ ಹಂಚುವ ದಿನ ಅಲ್ಲಿ ಇರುವುದೇ ಇಲ್ಲ. ಅವರು ಬರುವುದನ್ನೇ ಬಿಟ್ಟು ಇನ್ನೂ ದೂರದ, ಇನ್ನೂ ಸೂಕ್ಷ್ಮವಾದ ಜಾಗಕ್ಕೆ ಹೊರಟುಹೋಗಿರುತ್ತಾರೆ. ಹಾಗಾಗಿ ಉದ್ಯಾನದ ಬಾಗಿಲಲ್ಲಿ ಸಿಗುವ ‘ಶೇಕಡಾ ಇಷ್ಟು ಜನ ಸಂತೃಪ್ತರು’ ಎಂಬ ಅಂಕಿ ಉಳಿದವರ ಮಾತು, ಹೋದವರದಲ್ಲ.

ಸಂಖ್ಯೆ ಬಿಟ್ಟು ಸ್ಥಿತಿಯ ಕಡೆಗೆ

ಎಷ್ಟು ಜನ ಎಂಬ ಪ್ರಶ್ನೆಯೇ ದಾರಿ ತಪ್ಪಿಸುತ್ತಿದೆ ಎಂಬ ಅರಿವು 1980ರ ದಶಕದಲ್ಲಿ ಗಟ್ಟಿಯಾಯಿತು. 1985ರಲ್ಲಿ ಜಾರ್ಜ್ ಸ್ಟಾಂಕಿ, ಡೇವಿಡ್ ಕೋಲ್, ಲೂಕಸ್ ಮತ್ತು ಸಂಗಡಿಗರು ಅಮೆರಿಕದ ಅರಣ್ಯ ಇಲಾಖೆಗಾಗಿ ‘ಒಪ್ಪಬಹುದಾದ ಬದಲಾವಣೆಯ ಮಿತಿ’ ಎಂಬ ಕ್ರಮವನ್ನು ಮುಂದಿಟ್ಟರು. ಜನ ಕಾಲಿಟ್ಟಲ್ಲಿ ಬದಲಾವಣೆ ಆಗಿಯೇ ಆಗುತ್ತದೆ. ಎಷ್ಟು ಬದಲಾವಣೆಯನ್ನು ಒಪ್ಪುತ್ತೇವೆ ಎಂಬುದನ್ನು ಮೊದಲೇ ಬರೆದಿಡಿ, ಅದನ್ನು ಅಳೆಯುತ್ತಿರಿ, ಮೀರಿದರೆ ಕ್ರಮ ಕೈಗೊಳ್ಳಿ. ಮೊಂಟಾನಾದ ಬಾಬ್ ಮಾರ್ಷಲ್ ವನಪ್ರದೇಶದಲ್ಲಿ ಅಧಿಕಾರಿಗಳು, ಸಂಶೋಧಕರು, ಸ್ಥಳೀಯರು ಒಟ್ಟಿಗೆ ಕೂತು ಈ ಮಿತಿಗಳನ್ನು ಚರ್ಚಿಸಿದರು. ವಿಜ್ಞಾನ ಪರಿಣಾಮವನ್ನು ಅಳೆದು ಕೊಡಬಲ್ಲದು, ಎಲ್ಲಿ ಗೆರೆ ಎಳೆಯಬೇಕೆಂದು ತೀರ್ಮಾನಿಸುವುದು ಸಮಾಜದ ಕೆಲಸ ಎಂಬುದನ್ನು ಆ ಕ್ರಮ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿತು.

ಈ ವಿಚಾರ ರಾಷ್ಟ್ರೀಯ ಉದ್ಯಾನಗಳಲ್ಲಿ ಪರೀಕ್ಷೆಗೆ ಬಂದದ್ದು 1990ರ ದಶಕದಲ್ಲಿ, ಯೂಟಾದ ಆರ್ಚಸ್ ಉದ್ಯಾನದಲ್ಲಿ. ರಾಬರ್ಟ್ ಮ್ಯಾನಿಂಗ್ ಮತ್ತು ಸಹೋದ್ಯೋಗಿಗಳು ಅಲ್ಲಿನ ಪ್ರಸಿದ್ಧ ಕಲ್ಲುಕಮಾನು ಡೆಲಿಕೇಟ್ ಆರ್ಚ್‌ನ ಒಂದೇ ಫೋಟೋವನ್ನು ಕಂಪ್ಯೂಟರಿನಲ್ಲಿ ತಿದ್ದಿದರು. ಒಂದರಲ್ಲಿ ಕಮಾನಿನ ಬಳಿ ಯಾರೂ ಇಲ್ಲ, ಕೊನೆಯದರಲ್ಲಿ ನೂರಕ್ಕೂ ಮಿಕ್ಕಿ ಜನ. ಪ್ರವಾಸಿಗರು ಮಾಡಬೇಕಾದದ್ದು ಇಷ್ಟೇ: ಪ್ರತಿ ಚಿತ್ರ ಒಪ್ಪಿಗೆಯೋ ಅಲ್ಲವೋ ಹೇಳುವುದು. ಸರಾಸರಿ ಒಪ್ಪಿಗೆ ಇಳಿಯುತ್ತ ಬಂದು, ಏಕಕಾಲಕ್ಕೆ ಸುಮಾರು ಮೂವತ್ತು ಜನ ಕಂಡಲ್ಲಿ ನಿರಾಕರಣೆಗೆ ತಿರುಗಿತು. ಆ ಮೂವತ್ತೇ ಕಮಾನಿನ ಮಾನದಂಡವಾಯಿತು. ಕೆಳಗಿನ ವಾಹನ ನಿಲುಗಡೆಯಲ್ಲಿ ಎಷ್ಟು ಕಾರಿದ್ದರೆ ಮೇಲೆ ಎಷ್ಟು ಜನ ಸೇರುತ್ತಾರೆ ಎಂದು ಕಂಪ್ಯೂಟರ್ ಮಾದರಿಗಳು ಲೆಕ್ಕ ಹಾಕಿದವು. ಮಾತಿಗೆ ಸಿಗದ ಇಕ್ಕಟ್ಟು ಹೀಗೆ ಚಿತ್ರಕ್ಕೆ ಸಿಕ್ಕಿತು. ಈ ಫೋಟೋ ವಿಧಾನ ಮುಂದೆ ಬೇರೆ ಉದ್ಯಾನಗಳಿಗೂ ಹೋಯಿತು.

ಮಾನದಂಡವಿದ್ದ ಮಾತ್ರಕ್ಕೆ ಜನ ನಿಲ್ಲಲಿಲ್ಲ. 2021ರಲ್ಲಿ ಆರ್ಚಸ್‌ಗೆ 18 ಲಕ್ಷ ಜನ ಬಂದರು. ನಿಲುಗಡೆ ತುಂಬಿ ಗೇಟು ಮುಚ್ಚುವುದು ಮತ್ತೆಮತ್ತೆ ನಡೆಯಿತು. 2022ರ ಏಪ್ರಿಲ್‌ನಿಂದ ಮುಂಗಡ ಸಮಯ ಕಾದಿರಿಸಿ ಬರುವ ವ್ಯವಸ್ಥೆಯನ್ನು ಪ್ರಯೋಗಕ್ಕೆ ತಂದರು.

ಕಣ್ಣಿಗೆ ಬೀಳದ ಹಾನಿ

ಅದೇ ಆರ್ಚಸ್‌ನಲ್ಲಿ ಇನ್ನೊಂದು ಅಧ್ಯಯನವೂ ನಡೆದಿತ್ತು. ಅಲ್ಲಿನ ಮರುಭೂಮಿ ಮಣ್ಣಿನ ಮೇಲ್ಪದರ ಸತ್ತ ಮರಳಲ್ಲ; ನೀಲಿಹಸಿರು ಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿಗಳು ಹೆಣೆದ ಜೀವಂತ ಹೊದಿಕೆ. ಗಾಳಿಗೆ ಮಣ್ಣು ಹಾರದಂತೆ ಹಿಡಿಯುವುದೂ ಸಾರಜನಕ ಕೂಡಿಡುವುದೂ ಅದೇ. ಮೆಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತದೆ, ಮತ್ತೆ ಕಟ್ಟಿಕೊಳ್ಳಲು ದಶಕಗಳೇ ಬೇಕು. ಜೇನ್ ಬೆಲ್ನ್ಯಾಪ್ ಇದಕ್ಕಾಗಿ ರೂಪಿಸಿದ ಸೂಚ್ಯಂಕವನ್ನು ಉದ್ಯಾನ ತನ್ನ ಮಾನದಂಡಗಳಲ್ಲಿ ಸೇರಿಸಿಕೊಂಡಿತು. ಕಮಾನಿನ ಬಳಿಯ ಮೂವತ್ತನ್ನು ಪ್ರವಾಸಿಗರು ಹೇಳಿದರು. ಮಣ್ಣಿನ ಗೆರೆಯನ್ನು ಅವರು ಹೇಳಲಾರರು, ಏಕೆಂದರೆ ಅದು ಮಣ್ಣೆಂದಷ್ಟೇ ಅವರಿಗೆ ಗೊತ್ತು.

ಇದು ಮರುಭೂಮಿಗೆ ಮಾತ್ರ ಸೀಮಿತವಲ್ಲ. 1981ರಲ್ಲಿ ಪ್ರಕಟವಾದ ಇಂಡಿಯಾನಾ ರಾಜ್ಯದ ಶಿಬಿರತಾಣಗಳ ಅಧ್ಯಯನದಲ್ಲಿ, ಹುಲ್ಲು ಸವೆದು ನೆಲ ಬೋಳಾದ ಕಡೆಯೂ ಹೆಚ್ಚಿನವರು ನೆಲದ ಸ್ಥಿತಿ ಚೆನ್ನಾಗಿದೆ ಎಂದೇ ಹೇಳಿದ್ದರು. ಕಸ, ಮರದ ಮೇಲೆ ಕೆತ್ತಿದ ಹೆಸರು ಎಲ್ಲರ ಕಣ್ಣಿಗೂ ಬೀಳುತ್ತವೆ. ಮಣ್ಣು ಗಟ್ಟಿಯಾದದ್ದು, ಸಸ್ಯಜಾತಿ ಬದಲಾದದ್ದು ಬೀಳುವುದಿಲ್ಲ. 2003ರಲ್ಲಿ ಆಡ್ರಿ ಟೇಲರ್ ಮತ್ತು ರಿಚರ್ಡ್ ನೈಟ್ ಯೂಟಾದ ಆ್ಯಂಟಿಲೋಪ್ ದ್ವೀಪದಲ್ಲಿ ಕಾಡೆಮ್ಮೆ, ಜಿಂಕೆಗಳ ಪ್ರತಿಕ್ರಿಯೆಯನ್ನೂ ಪ್ರವಾಸಿಗರ ಅಭಿಪ್ರಾಯವನ್ನೂ ಒಟ್ಟಿಗೆ ಅಳೆದರು. ತಮ್ಮಿಂದ ಪ್ರಾಣಿಗಳಿಗೆ ತೊಂದರೆಯಿಲ್ಲ ಎಂದವರು ಸುಮಾರು ಅರ್ಧದಷ್ಟು. ‘ಇಷ್ಟು ಹತ್ತಿರ ಹೋಗಬಹುದು’ ಎಂದು ಜನ ಹೇಳಿದ ದೂರ, ಪ್ರಾಣಿಗಳು ನಿಜಕ್ಕೂ ಸಹಿಸುವ ದೂರಕ್ಕಿಂತ ಕಡಿಮೆಯಾಗಿತ್ತು. ತೊಂದರೆ ಇದೆ ಎಂದು ಒಪ್ಪಿದವರೂ ಬೆರಳು ತೋರಿದ್ದು ಇನ್ನೊಂದು ಗುಂಪಿನ ಕಡೆಗೆ.

ಎರಡು ಸಮಸ್ಯೆಗಳ ಮದ್ದೂ ಬೇರೆ ಎಂಬುದು ಕೋಲ್‌ನ ದಶಕಗಳ ಕೆಲಸದಿಂದ ಗಟ್ಟಿಯಾಯಿತು. ಹೊಸ ನೆಲಕ್ಕೆ ಮೊದಮೊದಲು ಬರುವ ಕೆಲವೇ ಜನರಿಂದ ಹೆಚ್ಚಿನ ಹಾನಿ ಆಗಿಬಿಡುತ್ತದೆ. ಆಮೇಲೆ ಎಷ್ಟು ಜನ ಬಂದರೂ ಹೆಚ್ಚುವರಿ ಹಾನಿ ಕಡಿಮೆ. ಆದ್ದರಿಂದ ಈಗಾಗಲೇ ಸವೆದ ಜಾಗದಲ್ಲಿ ಜನರನ್ನು ಅರ್ಧಕ್ಕಿಳಿಸಿದರೆ ಇಕ್ಕಟ್ಟು ತಗ್ಗೀತು, ಹುಲ್ಲು ಮರಳಿ ಬಾರದು. ಜನರನ್ನು ಚದುರಿಸಿದರೆ ಏಕಾಂತ ಸಿಕ್ಕೀತು, ಹಾನಿ ಮಾತ್ರ ಹತ್ತು ಕಡೆ ಹೊಸದಾಗಿ ಶುರುವಾದೀತು. ನೆಲ ಉಳಿಯಬೇಕಾದರೆ ಗಟ್ಟಿ ದಾರಿಯೊಂದರಲ್ಲೇ ಎಲ್ಲರನ್ನೂ ನಡೆಸಬೇಕು. ಪ್ರವಾಸಿಗೆ ಹಿತವಾದದ್ದು ಕಾಡಿಗೆ ಹಿತವಾಗಿರಲೇಬೇಕೆಂದಿಲ್ಲ.

ನಮ್ಮ ಕಡೆ

ಭಾರತದಲ್ಲಿ ಈ ಚರ್ಚೆ ಹುಲಿಯ ಬೆನ್ನು ಹತ್ತಿ ಬಂತು. ಹತ್ತು ಸಂರಕ್ಷಿತ ಪ್ರದೇಶಗಳನ್ನು ಅಭ್ಯಸಿಸಿದ ಕೃತಿ ಕಾರಂತ ಮತ್ತು ರೂತ್ ಡಿಫ್ರೀಸ್, ಪ್ರವಾಸಿಗರು ವರ್ಷಕ್ಕೆ ಸರಾಸರಿ ಸುಮಾರು ಶೇ. 15ರಂತೆ ಏರುತ್ತಿದ್ದಾರೆ, ಅವರಲ್ಲಿ ಬಹುಪಾಲು ದೇಶದವರೇ ಎಂದು 2011ರಲ್ಲಿ ತೋರಿಸಿದರು. ಮರುವರ್ಷ ಸುಪ್ರೀಂ ಕೋರ್ಟ್ ಹುಲಿ ಮೀಸಲು ಪ್ರದೇಶಗಳ ನಡುಗಾಡಿನಲ್ಲಿ ಪ್ರವಾಸೋದ್ಯಮಕ್ಕೆ ತಾತ್ಕಾಲಿಕ ತಡೆ ಹಾಕಿ, ಮಾರ್ಗಸೂಚಿ ಬಂದ ಮೇಲೆ ಅಕ್ಟೋಬರ್‌ನಲ್ಲಿ ತೆರವು ಮಾಡಿತು. ಆ ಮಾರ್ಗಸೂಚಿ ಪ್ರವಾಸವನ್ನು ನಡುಗಾಡಿನ ಶೇ. 20ಕ್ಕೆ ಸೀಮಿತಗೊಳಿಸಿತು. ರಸ್ತೆಯ ಉದ್ದ, ವಾಹನಗಳ ನಡುವಿನ ಅಂತರದಂಥ ಅಂಶಗಳಿಂದ ಧಾರಣ ಸಾಮರ್ಥ್ಯ ಎಣಿಸುವ ಸೂತ್ರವನ್ನೂ ಕೊಟ್ಟಿತು. ಒಂದು ಹುಲಿಯ ಸುತ್ತ ಹತ್ತು ಜೀಪು ಮುತ್ತಿಕೊಂಡಾಗ ಒಳಗೆ ಕೂತವನಿಗೆ ಹೇಗನ್ನಿಸುತ್ತದೆ ಎಂಬುದಕ್ಕೆ ಆ ಸೂತ್ರದಲ್ಲಿ ಜಾಗವಿಲ್ಲ.

ಕರ್ನಾಟಕದಲ್ಲಿ ಇದು ಸಫಾರಿ ದಾಟಿ ಚಾರಣಕ್ಕೂ ಬಂದಿದೆ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾಲುಗಟ್ಟಿದ ಜನರ ಚಿತ್ರಗಳು ಹರಿದಾಡಿದವು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಪಥಗಳನ್ನು ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ಬಂದು, ಒಂದು ಪಥಕ್ಕೆ ದಿನಕ್ಕೆ 300 ಜನ ಎಂಬ ಮಿತಿ ಬಂತು. ಕ್ರಮ ಅಗತ್ಯವಾಗಿತ್ತು. ಆದರೆ ಮೇಲಿನ ಇತಿಹಾಸ ಓದಿದವರಿಗೆ ಒಂದು ಪ್ರಶ್ನೆ ಉಳಿಯುತ್ತದೆ. ಮುನ್ನೂರು ಎಂಬುದು ಯಾವುದರ ಮಿತಿ? ಚಾರಣಿಗನ ನೆಮ್ಮದಿಯದೋ, ಶೋಲಾ ಕಾಡಿನ ಅಂಚಿನ ಹುಲ್ಲಿನದೋ? ಬೇರೆಬೇರೆ ಎತ್ತರ, ಇಳಿಜಾರು, ಮಳೆ ಇರುವ ಪಥಗಳಿಗೆಲ್ಲ ಒಂದೇ ಅಂಕಿ ಹೊಂದುವುದು ಕಷ್ಟ. ಮುನ್ನೂರು ಜನ ದಾರಿ ಬಿಡದೆ ನಡೆದಾಗ ಆಗುವ ಹಾನಿಗಿಂತ ಮೂವತ್ತು ಜನ ಹುಲ್ಲಿನ ಮೇಲೆ ಹೊಸ ಅಡ್ಡದಾರಿ ತುಳಿದಾಗ ಆಗುವ ಹಾನಿ ಹೆಚ್ಚಿರಬಹುದು.

ಹಾಗಾಗಿ ಬುಕಿಂಗ್ ಜಾಲತಾಣ ಒಳ್ಳೆಯ ಆರಂಭ, ಕೆಲಸ ಇನ್ನೂ ಮುಂದಿದೆ. ಹೆಸರು, ಫೋನ್ ನಂಬರ್ ಕೊಟ್ಟು ಹತ್ತಿದ ಪ್ರತಿ ಚಾರಣಿಗನಿಗೂ ಇಳಿದ ಮೇಲೆ ಒಂಬತ್ತು ಮೆಟ್ಟಿಲಿನ ಆ ಒಂದು ಪ್ರಶ್ನೆ ಕಳಿಸಲು ಖರ್ಚೇನೂ ಇಲ್ಲ. ಹಿಂದೊಮ್ಮೆ ಬುಕ್ ಮಾಡಿ ಮತ್ತೆ ಬಾರದವರನ್ನು ಕೇಳುವುದೂ ಈಗ ಸಾಧ್ಯ. ಬಾಗಿಲಲ್ಲಿ ನಿಂತು ಪ್ರಶ್ನಾವಳಿ ಹಂಚಿದವರಿಗೆ ಆ ಅನುಕೂಲ ಇರಲಿಲ್ಲ. ಕಾಲ್ದಾರಿಯ ಅಗಲ, ಅಡ್ಡದಾರಿಗಳ ಸಂಖ್ಯೆ, ಕೊಚ್ಚಿಹೋದ ಮಣ್ಣಿನ ಆಳವನ್ನು ಮಾತ್ರ ಟೇಪು ಹಿಡಿದು ವರ್ಷ ವರ್ಷ ಅಳೆಯಬೇಕು, ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಎರಡೂ ಲೆಕ್ಕ ಕೈಯಲ್ಲಿದ್ದರೆ ಮುನ್ನೂರು ಸರಿಯೇ, ನೂರಕ್ಕೆ ಇಳಿಯಬೇಕೇ, ಅಥವಾ ದಾರಿಗೆ ಕಲ್ಲು ಹಾಸಿದರೆ ಐನೂರಕ್ಕೂ ಅಡ್ಡಿಯಿಲ್ಲವೇ ಎಂಬುದು ಆಧಾರವಿಟ್ಟುಕೊಂಡು ವಾದಿಸಬಹುದಾದ ಪ್ರಶ್ನೆಯಾಗುತ್ತದೆ.