ಮಕ್ಕಳ ಹತ್ರ ಫಾರಿನ್‌ಗೆ ಹೊಂಟೀರಾ? ಪೆನ್ಶನ್ ನಿಲ್ಲಬಾರದು ಅಂದ್ರೆ ವಿಮಾನ ಹತ್ತೋ ಮುಂಚೆ ಈ ಕೆಲಸ ಮುಗಿಸ್ರಿ

ವಾಡಿ: ನಮ್ಮ ಓಣಿಯಲ್ಲಿ ರೈಲ್ವೆಯಿಂದ ರಿಟೈರ್ ಆದ ಕಾಕಾ ಒಬ್ಬರಿದ್ದಾರೆ. ಹೋದ ವರ್ಷ ದಸರಾ ಮುಗಿಸಿಕೊಂಡು ಅಮೆರಿಕದಲ್ಲಿರುವ ಮಗನ ಮನೆಗೆ ಹೋದರು. ಮೊಣಕಾಲು ನೋವು ಅಂತ ಕಾಕಿ ಇಲ್ಲೇ ಮಗಳ ಹತ್ತಿರ ಉಳಿದರು. ನವೆಂಬರ್ ಪೆನ್ಶನ್ ಸರಿಯಾಗಿ ಬಂತು. ಡಿಸೆಂಬರ್ ತಿಂಗಳದ್ದು ಬರಲಿಲ್ಲ. ಕಾಕಿ ಬ್ಯಾಂಕಿಗೆ ಹೋಗಿ ಕೇಳಿದರೆ, "ಅವರು ಜೀವಂತ ಇದ್ದಾರಂತ ಸರ್ಟಿಫಿಕೇಟ್ ಬಂದಿಲ್ರಿ, ಅವರನ್ನೇ ಕರ್ಕೊಂಡು ಬರ್ರಿ" ಅಂದರಂತೆ. "ದಿನಾ ರಾತ್ರಿ ಫೋನಿನಾಗ ನನ್ ಸಂಗಡ ಜಗಳ ಆಡ್ತಾರ, ಜೀವಂತ ಇಲ್ದ ಹ್ಯಾಂಗ?" ಅಂತ ಕಾಕಿ ಕೇಳಿದ್ದಕ್ಕೆ ಕೌಂಟರಿನಲ್ಲಿ ಉತ್ತರ ಇರಲಿಲ್ಲ. ಬಿಪಿ ಗುಳಿಗೆ, ಕರೆಂಟ್ ಬಿಲ್ಲು, ಕಿರಾಣಿ ಎಲ್ಲಾ ಆ ರೊಕ್ಕದ ಮೇಲೆಯೇ ನಿಂತಿತ್ತು.

ಇದು ಒಂದು ಮನೆಯ ಕಥೆ ಅಲ್ಲ. ವಾಡಿ, ಶಹಾಬಾದ್‌ನಲ್ಲಿ ರೈಲ್ವೆ ಮತ್ತು ಸಿಮೆಂಟ್ ಕಾರ್ಖಾನೆಯಿಂದ ರಿಟೈರ್ ಆದವರು, ಸೇಡಂ, ಚಿತ್ತಾಪುರ ಕಡೆ ಸಿಮೆಂಟ್ ಕಂಪನಿಗಳಲ್ಲಿ ದುಡಿದವರು, ಚಿಂಚೋಳಿಯ ರಿಟೈರ್ಡ್ ಮಾಸ್ತರು, ಹೀಗೆ ಬಹಳ ಮಂದಿಯ ಮಕ್ಕಳು ಈಗ ದುಬೈ, ಮಸ್ಕತ್, ಅಮೆರಿಕ, ಕೆನಡಾದಲ್ಲಿದ್ದಾರೆ. ಮೊಮ್ಮಕ್ಕಳನ್ನ ನೋಡಿಕೊಳ್ಳಲು ಅಂತ ಆರು ತಿಂಗಳಿಗೆ ಹೋಗುವವರು ಇದ್ದಾರೆ, ಅಲ್ಲೇ ಉಳಿಯುವವರೂ ಇದ್ದಾರೆ.

ಒಂದು ಮಾತು ಮೊದಲೇ ತಿಳ್ಕೊಳ್ರಿ. ಫಾರಿನ್‌ಗೆ ಹೋದ ಕಾರಣಕ್ಕೆ ಯಾರ ದುಡಿಮೆಯ ಪೆನ್ಶನ್ನೂ ಬಂದ್ ಆಗಲ್ಲ. ಬಂದ್ ಆಗೋದು ಮೂರು ಸಣ್ಣ ಕಾರಣಕ್ಕೆ: ಜೀವನ ಪ್ರಮಾಣ ಪತ್ರ ಕೊಟ್ಟಿಲ್ಲ, ಬ್ಯಾಂಕ್ ಖಾತೆ ಸರಿ ಇಲ್ಲ, ಮೊಬೈಲ್ ನಂಬರ್ ಸತ್ತಿದೆ. ಮೂರನ್ನೂ ಊರಲ್ಲಿದ್ದಾಗಲೇ ಸರಿ ಮಾಡಿಕೊಳ್ಳಬಹುದು.

ನಿಮ್ಮ ಪೆನ್ಶನ್ ಯಾವುದು?

ಎಲ್ಲರೂ "ಪೆನ್ಶನ್" ಅಂತಲೇ ಅಂತಾರೆ. ಆದರೆ ನಿಯಮ ಬೇರೆ ಬೇರೆ ಇವೆ.

*ರೈಲ್ವೆ, ಅಂಚೆ ಮತ್ತು ಇತರ ಕೇಂದ್ರ ಸರ್ಕಾರದ ಪೆನ್ಶನ್:* ಪ್ರತಿ ವರ್ಷ ನವೆಂಬರ್‌ನಲ್ಲಿ ಜೀವನ ಪ್ರಮಾಣ ಪತ್ರ ಕೊಡಬೇಕು. 80 ವರ್ಷ ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಕೊಡದಿದ್ದರೆ ಡಿಸೆಂಬರ್‌ನಿಂದ ಪೆನ್ಶನ್ ನಿಲ್ಲುತ್ತದೆ. ಜೂನ್‌ನಲ್ಲಿ ಹೊರಡುವವರು "ಈಗಲೇ ತಗೊಂಬಿಡ್ರಿ" ಅಂದರೆ ಆಗಲ್ಲ. ನವೆಂಬರ್‌ನಲ್ಲಿ ನೀವು ಎಲ್ಲಿರ್ತೀರೋ ಅಲ್ಲಿಂದಲೇ ಕೊಡಬೇಕು.

*ರಾಜ್ಯ ಸರ್ಕಾರದ ಪೆನ್ಶನ್:* ಶಾಲಾ ಮಾಸ್ತರು, ಪೊಲೀಸ್, ಕಂದಾಯ, ಆರೋಗ್ಯ ಇಲಾಖೆಯವರು ಇದರಲ್ಲಿ ಬರ್ತಾರೆ. ಇವರೂ ವರ್ಷಕ್ಕೊಮ್ಮೆ ಪ್ರಮಾಣ ಪತ್ರ ಕೊಡಬೇಕು. ನಿಮ್ಮದು ಯಾವ ತಿಂಗಳಿಗೆ ಮುಗಿಯುತ್ತದೆ ಅನ್ನೋದನ್ನ ಪೆನ್ಶನ್ ಬರುವ ಬ್ಯಾಂಕಿನಲ್ಲಿ ಕೇಳಿ, ಪಾಸ್‌ಬುಕ್ಕಿನ ಮೇಲೆಯೇ ಬರಕೊಳ್ರಿ.

*ಕಾರ್ಖಾನೆ ಕಾರ್ಮಿಕರ ಪೆನ್ಶನ್, ಅಂದ್ರೆ ಇಪಿಎಸ್-95:* ಇದು 1995ರ ನವೆಂಬರ್ 16ರಿಂದ ಜಾರಿಯಲ್ಲಿರುವ ಯೋಜನೆ. ಕನಿಷ್ಠ 10 ವರ್ಷ ಸೇವೆ ಮಾಡಿದವರಿಗೆ 58ನೇ ವಯಸ್ಸಿನಿಂದ ಪೆನ್ಶನ್ ಬರುತ್ತದೆ. 2014ರ ಸೆಪ್ಟೆಂಬರ್‌ನಿಂದ ಕನಿಷ್ಠ ಮೊತ್ತ ತಿಂಗಳಿಗೆ 1000 ರೂಪಾಯಿ. ಇಲ್ಲಿ ನವೆಂಬರ್ ಕಟ್ಟುಪಾಡು ಇಲ್ಲ. ವರ್ಷದ ಯಾವ ದಿನ ಪ್ರಮಾಣ ಪತ್ರ ಕೊಟ್ಟರೂ ಅಲ್ಲಿಂದ 12 ತಿಂಗಳು ನಡೆಯುತ್ತದೆ. ಹಾಗಾಗಿ ಹೊರಡುವ ವಾರದಲ್ಲಿ ಕೊಟ್ಟು ಹೋದರೆ ಪೂರ್ತಿ ಒಂದು ವರ್ಷ ಚಿಂತೆ ಇಲ್ಲ.

ಶಹಾಬಾದ್‌ನವರು ಕೇಳುವ ಒಂದು ಪ್ರಶ್ನೆ: "ನಮ್ಮ ಹಳೇ ಸಿಮೆಂಟ್ ಕಾರ್ಖಾನೆನೇ ಮುಚ್ಚಿದೆ, ನಾವು ಫಾರಿನ್‌ಗೆ ಹೋದ್ರ ಪೆನ್ಶನ್ ಯಾರು ನೋಡ್ತಾರ?" ಪೆನ್ಶನ್ ಕೊಡೋದು ಕಂಪನಿ ಅಲ್ಲ, ಇಪಿಎಫ್‌ಒ. ಪಿಪಿಒ ನಂಬರ್ ಒಮ್ಮೆ ಸಿಕ್ಕ ಮೇಲೆ ಕಂಪನಿ ಇದ್ದರೂ ಇಲ್ಲದಿದ್ದರೂ ಪೆನ್ಶನ್ ನಡೆಯುತ್ತದೆ. 2025ರ ಜನವರಿಯಿಂದ ಇಪಿಎಫ್‌ಒ ದೇಶಕ್ಕೆಲ್ಲ ಒಂದೇ ಪಾವತಿ ವ್ಯವಸ್ಥೆ ತಂದಿದೆ. ದೇಶದ ಯಾವುದೇ ಬ್ಯಾಂಕಿನ ಯಾವುದೇ ಶಾಖೆಯಲ್ಲಿ ಪೆನ್ಶನ್ ಪಡೆಯಬಹುದು. ಊರು ಬದಲಾದರೆ ಪಿಪಿಒ ವರ್ಗಾವಣೆ ಮಾಡಿಸುವ ತಾಪತ್ರಯ ಹೋಗಿದೆ. ನಮ್ಮ ಭಾಗದವರಿಗೆ ಇಪಿಎಫ್‌ಒ ಕಚೇರಿ ಕಲಬುರಗಿಯಲ್ಲಿದೆ.

*ಸಂಧ್ಯಾ ಸುರಕ್ಷಾ, ವೃದ್ಧಾಪ್ಯ ವೇತನ:* ಇದು ದುಡಿಮೆಯ ಪೆನ್ಶನ್ ಅಲ್ಲ. ರಾಜ್ಯದಲ್ಲಿ ವಾಸ ಇರುವ ಬಡ ಹಿರಿಯರಿಗೆ ಸರ್ಕಾರ ಕೊಡುವ ನೆರವು. ಫಾರಿನ್‌ನಲ್ಲಿ ಕಾಯಂ ಮನೆ ಮಾಡಿದವರು ಇದನ್ನ ಮೇಲಿನ ಪೆನ್ಶನ್‌ಗಳ ಜೊತೆ ಸೇರಿಸಬಾರದು.

ಮೊಬೈಲ್ ದಾರಿ

ಕೇಂದ್ರ ಸರ್ಕಾರದ 'ಜೀವನ್ ಪ್ರಮಾಣ್' ಡಿಜಿಟಲ್ ವ್ಯವಸ್ಥೆ 2014ರ ನವೆಂಬರ್‌ನಲ್ಲಿ ಶುರುವಾಯ್ತು. ಮೊದಲು ಬೆರಳಚ್ಚು ಕೊಡಬೇಕಿತ್ತು. ಕಲ್ಲಿನ ಗಣಿ, ಸಿಮೆಂಟ್ ಕೆಲಸ ಮಾಡಿದವರ ಬೆರಳಿನ ಗೆರೆ ಸವೆದಿರುತ್ತವೆ, ಮಷೀನ್ ಹಿಡಿಯಲ್ಲ. 2021ರ ನವೆಂಬರ್‌ನಲ್ಲಿ ಮುಖ ತೋರಿಸಿ ಕೊಡುವ ಅನುಕೂಲ ಬಂತು. ಆಧಾರ್ ಇದ್ದವರು ಇದನ್ನ ಫಾರಿನ್‌ನಲ್ಲಿ ಕೂತೇ ಮಾಡಬಹುದು.

1. ಆಂಡ್ರಾಯ್ಡ್ ಫೋನಿನ ಪ್ಲೇಸ್ಟೋರ್‌ನಿಂದ 'ಆಧಾರ್ ಫೇಸ್ ಆರ್‌ಡಿ' ಮತ್ತು 'ಜೀವನ್ ಪ್ರಮಾಣ್ ಫೇಸ್' ಎರಡೂ ಆ್ಯಪ್ ಹಾಕ್ಕೊಳ್ರಿ. ಕ್ಯಾಮೆರಾ 5 ಮೆಗಾಪಿಕ್ಸೆಲ್ ಅಥವಾ ಅದಕ್ಕಿಂತ ಚಲೋ ಇರಬೇಕು.
2. ಮೊದಲು 'ಆಪರೇಟರ್' ನೋಂದಣಿ ಕೇಳುತ್ತದೆ. ಮಗನೋ ಸೊಸೆಯೋ ತಮ್ಮ ಆಧಾರ್‌ನಿಂದ ಆಪರೇಟರ್ ಆಗಬಹುದು, ನೀವೇ ಆಗಬಹುದು.
3. ಆಮೇಲೆ ಪೆನ್ಶನ್‌ದಾರರ ಆಧಾರ್, ಪಿಪಿಒ ನಂಬರ್, ಖಾತೆ ನಂಬರ್, ಪೆನ್ಶನ್ ಮಂಜೂರು ಮಾಡಿದ ಇಲಾಖೆ, ಪೆನ್ಶನ್ ಕೊಡುವ ಬ್ಯಾಂಕ್ ತುಂಬ್ರಿ.
4. ಬೆಳಕಿಗೆ ಮುಖ ಮಾಡಿ ಕೂತು, ಚಷ್ಮಾ ತೆಗೆದು, ಆ್ಯಪ್ ಹೇಳಿದಾಗ ಕಣ್ಣು ಮಿಟುಕಿಸ್ರಿ.
5. 'ಪ್ರಮಾಣ್ ಐಡಿ' ಮೆಸೇಜ್ ಬರುತ್ತದೆ. ಅದನ್ನ ಇಟ್ಕೊಳ್ರಿ.

ಐಡಿ ಬಂದ ಕೂಡಲೇ ಕೆಲಸ ಮುಗೀತು ಅನ್ಕೋಬ್ಯಾಡ್ರಿ. ಪಿಪಿಒ ನಂಬರ್‌ನ ಒಂದು ಅಂಕಿ ತಪ್ಪಿದರೂ, ಬ್ಯಾಂಕಿನ ಹೆಸರು ತಪ್ಪು ಆರಿಸಿದರೂ ಪ್ರಮಾಣ ಪತ್ರ ತಿರಸ್ಕಾರ ಆಗುತ್ತದೆ. ಕೆಲವು ದಿನ ಬಿಟ್ಟು ಜೀವನ್ ಪ್ರಮಾಣ್ ವೆಬ್‌ಸೈಟಿನಲ್ಲಿ ಅಥವಾ ಬ್ಯಾಂಕಿನಲ್ಲಿ ಒಪ್ಪಿಗೆ ಆಗಿದೆಯಾ ನೋಡಬೇಕು. ಇಪಿಎಸ್-95ರವರು ಉಮಂಗ್ ಆ್ಯಪ್‌ನಲ್ಲೂ ಮುಖ ತೋರಿಸಿ ಕೊಡಬಹುದು.

ಕಾಗದದ ದಾರಿ

ಮೊಬೈಲ್ ಆಗಲ್ಲ, ಆಧಾರ್ ಇಲ್ಲ ಅನ್ನೋ ಕೇಂದ್ರ ಸರ್ಕಾರದ ಪೆನ್ಶನ್‌ದಾರರಿಗೆ ಹಳೇ ದಾರಿ ಈಗಲೂ ಇದೆ. ವಿದೇಶದಲ್ಲಿರುವವರು ಬ್ಯಾಂಕಿಗೆ ಖುದ್ದು ಬರಬೇಕಿಲ್ಲ. ಅಲ್ಲಿನ ಮ್ಯಾಜಿಸ್ಟ್ರೇಟ್, ನೋಟರಿ, ಬ್ಯಾಂಕ್ ಅಧಿಕಾರಿ ಅಥವಾ ಭಾರತದ ರಾಯಭಾರ ಕಚೇರಿಯ ಅಧಿಕಾರಿ ಸಹಿ ಮಾಡಿದ ಪ್ರಮಾಣ ಪತ್ರವನ್ನ ನಿಮ್ಮ ಪರವಾಗಿ ಒಬ್ಬರು ಇಲ್ಲಿ ಬ್ಯಾಂಕಿಗೆ ಕೊಟ್ಟರೆ ನಡೆಯುತ್ತದೆ. ಕೌಂಟರಿನಲ್ಲಿ "ಅವರೇ ಬರಬೇಕು" ಅಂದರೆ, ವಿದೇಶದಲ್ಲಿ ಇರುವವರಿಗೆ ಖುದ್ದು ಹಾಜರಿಯಿಂದ ವಿನಾಯಿತಿ ಇದೆ ಅಂತ ಸಮಾಧಾನದಿಂದ ಹೇಳ್ರಿ. ಕೇಳದಿದ್ದರೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ರಿ.

ಗಲ್ಫ್‌ನಲ್ಲಿರುವವರಿಗೆ ಅಬುಧಾಬಿ, ಮಸ್ಕತ್, ರಿಯಾದ್‌ನ ರಾಯಭಾರ ಕಚೇರಿಗಳು, ದುಬೈ ಮತ್ತು ಜೆಡ್ಡಾದ ಕಾನ್ಸುಲೇಟ್‌ಗಳಿವೆ. ಅಮೆರಿಕದಲ್ಲಿ ವಾಷಿಂಗ್ಟನ್ ಬಿಟ್ಟು ನ್ಯೂಯಾರ್ಕ್, ಚಿಕಾಗೋ, ಹ್ಯೂಸ್ಟನ್, ಅಟ್ಲಾಂಟಾ, ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಕಾನ್ಸುಲೇಟ್ ಇವೆ. ಪಾಸ್‌ಪೋರ್ಟ್, ಪಿಪಿಒ ಪ್ರತಿ, ತುಂಬಿದ ಫಾರ್ಮ್ ಒಯ್ಯಬೇಕು. ಹಾಸಿಗೆ ಹಿಡಿದವರಾದರೆ ವೈದ್ಯರ ಸರ್ಟಿಫಿಕೇಟ್ ಸಹಿತ ಅಂಚೆಯಲ್ಲಿ ಕಳಿಸಲು ಅವಕಾಶ ಇದೆ.

ಬ್ಯಾಂಕ್ ಖಾತೆ

ಮೂರ್ನಾಲ್ಕು ತಿಂಗಳು ಮಕ್ಕಳ ಹತ್ತಿರ ಇದ್ದು ಬರುವವರು ಖಾತೆ ಬದಲಿಸಬೇಕಿಲ್ಲ. ಆದರೆ ಗ್ರೀನ್ ಕಾರ್ಡ್ ಸಿಕ್ಕು ಅಥವಾ ಕಾಯಂ ವೀಸಾದ ಮೇಲೆ ಅಲ್ಲೇ ನೆಲೆಸಿದರೆ, ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಇಲ್ಲಿನ ಉಳಿತಾಯ ಖಾತೆಯನ್ನ ಎನ್‌ಆರ್‌ಒ ಖಾತೆ ಮಾಡಿಸಬೇಕು. ಖಾತೆ ನಂಬರ್ ಬದಲಾದರೆ ಪೆನ್ಶನ್ ಕೊಡುವ ಕಡೆ ತಿಳಿಸಲೇಬೇಕು. ಇಲ್ಲದಿದ್ದರೆ ರೊಕ್ಕ ಹಳೇ ನಂಬರಿಗೆ ಹೋಗಿ ವಾಪಸ್ ಆಗುತ್ತದೆ.

ಪೆನ್ಶನ್ ರೊಕ್ಕವನ್ನ ಅಲ್ಲಿಗೆ ತರಿಸಿಕೊಳ್ಳಲೂಬಹುದು. ತೆರಿಗೆ ಲೆಕ್ಕ ಮುಗಿದ ಮೇಲೆ ಎನ್‌ಆರ್‌ಒ ಖಾತೆಯಿಂದ ಕಳಿಸಲು ಅವಕಾಶ ಇದೆ. ಬ್ಯಾಂಕ್ ಅದಕ್ಕೆ ತೆರಿಗೆ ಫಾರ್ಮ್, ಬೇಕಾದರೆ ಸಿಎ ಸರ್ಟಿಫಿಕೇಟ್ ಕೇಳುತ್ತದೆ. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ರೊಕ್ಕ ಇಲ್ಲೇ ಬೇಕು: ಮನೆ ಸಾಲ, ಆಸ್ಪತ್ರೆ, ಊರಲ್ಲಿ ಉಳಿದವರ ಖರ್ಚು.

ಹೋಗುವ ಮುಂಚೆ ಕೆವೈಸಿ ಬಾಕಿ ಇದೆಯಾ ಕೇಳ್ರಿ. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರು ಊರಲ್ಲಿ ಉಳಿದರೆ ಖಾತೆ ಜಂಟಿ ಇರೋದು ಚಲೋ. ಕೇಂದ್ರ ಸರ್ಕಾರದ ಪೆನ್ಶನ್ ಸಂಗಾತಿಯ ಜೊತೆಗಿನ ಜಂಟಿ ಖಾತೆಗೂ ಬರುತ್ತದೆ. ಎಟಿಎಂ ಕಾರ್ಡು, ಪಿನ್ ಅಣ್ಣನ ಮಗನ ಕೈಗೆ ಕೊಟ್ಟು ಹೋಗೋದಕ್ಕಿಂತ ಇದು ಎಷ್ಟೋ ವಾಸಿ.

ಸಿಮ್ ಜೀವಂತ ಇಡ್ರಿ

ಹೆಚ್ಚಿನವರು ಮರೆಯೋದು ಇದನ್ನೇ. ಆಧಾರ್, ಬ್ಯಾಂಕ್, ಪೆನ್ಶನ್ ಮೂರಕ್ಕೂ ಒಂದೇ ಊರಿನ ನಂಬರ್ ಕೊಟ್ಟಿರ್ತೀರಿ. ಅಲ್ಲಿಗೆ ಹೋದ ಮೇಲೆ ಹೊಸ ಸಿಮ್ ಹಾಕಿ ಹಳೇದನ್ನ ಡಬ್ಬಿಯಲ್ಲಿ ಇಡ್ತೀರಿ. 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ಪ್ರಿಪೇಯ್ಡ್ ಸಿಮ್ ಬಂದ್ ಆಗಬಹುದು, ಆಮೇಲೆ ಅದೇ ನಂಬರ್ ಬೇರೆಯವರಿಗೆ ಹೋಗಬಹುದು. ನಿಮ್ಮ ಬ್ಯಾಂಕಿನ ಒಟಿಪಿ ಯಾರದೋ ಫೋನಿಗೆ ಬರುತ್ತದೆ. ಹೊರಡುವ ಮುಂಚೆ ರೋಮಿಂಗ್ ಚಾಲೂ ಮಾಡಿಸ್ರಿ, ರೀಚಾರ್ಜ್ ತಪ್ಪಿಸಬ್ಯಾಡ್ರಿ.

ಇನ್ನೊಂದು ಎಚ್ಚರಿಕೆ. ನವೆಂಬರ್ ಬಂದರೆ "ನಿಮ್ಮ ಲೈಫ್ ಸರ್ಟಿಫಿಕೇಟ್ ಅಪ್‌ಡೇಟ್ ಮಾಡ್ತೀವಿ, ಒಟಿಪಿ ಹೇಳ್ರಿ" ಅಂತ ಕಳ್ಳರ ಫೋನ್ ಬರುತ್ತವೆ. ಯಾವ ಪೆನ್ಶನ್ ಕಚೇರಿಯೂ ಫೋನಿನಲ್ಲಿ ಒಟಿಪಿ ಕೇಳಲ್ಲ. ವಾಟ್ಸಾಪಿನಲ್ಲಿ ಬಂದ ಆ್ಯಪ್ ಫೈಲ್ ಒತ್ತಬ್ಯಾಡ್ರಿ.

ತೆರಿಗೆ

ಭಾರತದಲ್ಲಿ ಜಮಾ ಆಗುವ ಪೆನ್ಶನ್‌ಗೆ, ನೀವು ಎಲ್ಲಿದ್ದರೂ, ಇಲ್ಲಿನ ಆದಾಯ ತೆರಿಗೆ ಲೆಕ್ಕ ಇದೆ. ಮಿತಿಯೊಳಗೆ ಇದ್ದರೆ ಕಟ್ಟುವುದೇನೂ ಇರಲ್ಲ. ಎನ್‌ಆರ್‌ಒ ಖಾತೆಯ ಬಡ್ಡಿಗೆ ಮಾತ್ರ 30 ಪರ್ಸೆಂಟ್ ಮತ್ತು ಸೆಸ್ ಮೊದಲೇ ಕಡಿತ ಆಗುತ್ತದೆ. ಹೆಚ್ಚು ಕಡಿತ ಆಗಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬೇಕು. ದುಬೈನಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲ. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಪಡೆದವರು ಇಲ್ಲಿನ ಪೆನ್ಶನ್ನನ್ನೂ ಅಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ಇಲ್ಲಿನ ಖಾತೆಗಳಲ್ಲಿ ಒಟ್ಟು 10,000 ಡಾಲರ್ ದಾಟಿದರೆ ಅದನ್ನ ಬೇರೆಯಾಗಿ ಅಲ್ಲಿ ತಿಳಿಸಬೇಕು.

ಹೇಳಲು ಕಷ್ಟ, ಆದರೂ ಹೇಳಬೇಕು

ಪೆನ್ಶನ್‌ದಾರರು ಅಲ್ಲೇ ತೀರಿಕೊಂಡರೆ? ಅಲ್ಲಿನ ಮರಣ ಪ್ರಮಾಣ ಪತ್ರ ಪಡೆದು, ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಸಾವನ್ನ ನೋಂದಾಯಿಸಿ, ಇಲ್ಲಿನ ಬ್ಯಾಂಕಿಗೆ ತಕ್ಷಣ ತಿಳಿಸಬೇಕು. ಸಾವಿನ ನಂತರ ಜಮಾ ಆದ ಪೆನ್ಶನ್ ವಾಪಸ್ ಕಟ್ಟಬೇಕಾಗುತ್ತದೆ. ಆದರೆ ಹೆಂಡತಿಯ ಹಕ್ಕು ಉಳಿದಿರುತ್ತದೆ. ಕೇಂದ್ರ ಸರ್ಕಾರದ ಕುಟುಂಬ ಪಿಂಚಣಿ ಸಾಮಾನ್ಯವಾಗಿ ಕೊನೆಯ ಮೂಲ ವೇತನದ 30 ಪರ್ಸೆಂಟ್. ಇಪಿಎಸ್-95ರಲ್ಲಿ ಪೆನ್ಶನ್‌ದಾರರ ಪೆನ್ಶನ್ನಿನ ಅರ್ಧ. ಪಿಪಿಒದಲ್ಲಿ ಹೆಂಡತಿಯ ಹೆಸರು, ಹುಟ್ಟಿದ ದಿನಾಂಕ ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ ಅಂತ ಇವತ್ತೇ ತೆಗೆದು ನೋಡ್ರಿ. "ಶಾಂತಮ್ಮ" ಒಂದು ಕಡೆ, "ಶಾಂತಾಬಾಯಿ" ಇನ್ನೊಂದು ಕಡೆ ಇದ್ದರೆ ತಿದ್ದಿಸಲು ಗಂಡ ಇದ್ದಾಗಲೇ ಸುಲಭ.

ಹೊರಡುವ ಮುಂಚಿನ ಪಟ್ಟಿ

- ಪಿಪಿಒ, ಪಾಸ್‌ಬುಕ್, ಆಧಾರ್ ಫೋಟೋ ತೆಗೆದು ಫೋನಿನಲ್ಲೂ, ಮಗನ ಹತ್ತಿರವೂ ಇಡೋದು
- ಪ್ರಮಾಣ ಪತ್ರದ ಕೊನೆ ದಿನಾಂಕ ಬರಕೊಳ್ಳೋದು
- ಇಪಿಎಸ್‌ನವರು ಹೊರಡುವ ವಾರದಲ್ಲೇ ಪ್ರಮಾಣ ಪತ್ರ ಕೊಡೋದು
- ಎರಡೂ ಆ್ಯಪ್ ಹಾಕಿ ಒಮ್ಮೆ ಇಲ್ಲೇ ತೆರೆದು ನೋಡೋದು
- ಕೆವೈಸಿ, ನಾಮಿನಿ, ಜಂಟಿ ಖಾತೆ ಪರಿಶೀಲಿಸೋದು
- ಸಿಮ್‌ಗೆ ರೋಮಿಂಗ್ ಮತ್ತು ರೀಚಾರ್ಜ್

ಕಾಕಾನ ಕೆಲಸ ಕೊನೆಗೆ ವಿಡಿಯೋ ಕಾಲ್‌ನಲ್ಲೇ ಆಯ್ತು. ಅಲ್ಲಿ ಮಗ ಫೋನ್ ಹಿಡಿದ, ಇಲ್ಲಿಂದ ನಾನು ಪಿಪಿಒ ನಂಬರ್ ಓದಿ ಹೇಳಿದೆ. ಮೊದಲ ಸಲ ಒಂದು ಅಂಕಿ ತಪ್ಪಿ ತಿರಸ್ಕಾರ ಆಯ್ತು, ಎರಡನೇ ಸಲ ಒಪ್ಪಿಗೆ ಆಯ್ತು. ನಿಂತಿದ್ದ ತಿಂಗಳುಗಳ ಬಾಕಿ ಸಹಿತ ರೊಕ್ಕ ಜಮಾ ಆಯ್ತು. ತಡವಾಗಿ ಕೊಟ್ಟರೂ ಬಾಕಿ ಬರುತ್ತದೆ, ಅದು ಮುಳುಗಲ್ಲ. ಆದರೆ ಆ ತಿಂಗಳುಗಳಲ್ಲಿ ಕಾಕಿ ಗುಳಿಗೆಗೆ ಕೈಸಾಲ ಮಾಡಿದ್ದರು. ಅದನ್ನ ಯಾರಿಗೂ ಹೇಳಿರಲಿಲ್ಲ.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಫಾರಿನ್‌ಗೆ ಹೊಂಟ ಹಿರಿಯರು ಇದ್ದರೆ ಇದನ್ನ ಓದಿ ಹೇಳ್ರಿ. ಆ್ಯಪ್ ಹಾಕಿ ಕೊಡಲು ಹತ್ತು ನಿಮಿಷ ಸಾಕು.