ಕ್ರಯಪತ್ರದಲ್ಲಿ ಇಲ್ಲದ ಹಗೇವು

ಹೂಗ್ಯಂನಲ್ಲಿ ಉಪಾಧ್ಯಾಯನಾಗಿದ್ದಾಗ, 1978ರಲ್ಲಿ, ನಾಡಹೆಂಚಿನ ಒಂದು ಹಳೆಯ ಮನೆಯನ್ನು ಕ್ರಯಕ್ಕೆ ಪಡೆದೆ. ಮಾರಿದವರು ವಯಸ್ಸಾದ ಓರ್ವ ತಾಯಿ. ಗಂಡ ತೀರಿಕೊಂಡಿದ್ದರು, ಆಕೆ ಕೌದಳ್ಳಿಯಲ್ಲಿದ್ದ ಮಗನ ಮನೆಗೆ ಹೊರಟಿದ್ದರು. ಆ ಮನೆಯ ಕಾಗದಗಳನ್ನು ಮೊನ್ನೆ ಮತ್ತೆ ಬಿಚ್ಚಿ ನೋಡಿದಾಗ ನೆನಪಾದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂಲಪತ್ರವು 1941ರದು. ಆರನೆಯ ಜಾರ್ಜ್ ದೊರೆಯ ಮುದ್ರೆಯಿರುವ ಛಾಪಾಕಾಗದ. ಅದರಲ್ಲಿ ಊರಿನ ವಿಳಾಸ ‘ಕೊಯಮತ್ತೂರು ಜಿಲ್ಲೆ, ಕೊಳ್ಳೇಗಾಲ ತಾಲ್ಲೂಕು’ ಎಂದಿದೆ. ಇಂದಿನ ಮಕ್ಕಳಿಗೆ ಇದು ವಿಚಿತ್ರವೆನಿಸಬಹುದು. 1799ರಲ್ಲಿ ಟಿಪ್ಪುಸುಲ್ತಾನನ ಪತನವಾದಾಗ ಈ ಸೀಮೆಯು ಇಂಗ್ಲಿಷರ ಪಾಲಾಗಿ, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ನೆರೆಯ ಯಳಂದೂರಾದರೋ ಮೈಸೂರಿನಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಯಿತು. ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಈಗ ಹೂಗ್ಯಂ ಹನೂರು ತಾಲ್ಲೂಕಿನಲ್ಲಿದೆ. ಊರು ಇದ್ದಲ್ಲಿಯೇ ಇದ್ದು, ಅದರ ವಿಳಾಸ ಮಾತ್ರ ಬದಲಾಗುತ್ತ ಬಂದಿತು.

ವಿಳಾಸದೊಂದಿಗೆ ಲೆಕ್ಕದ ಭಾಷೆಯೂ ಬದಲಾಯಿತು. ಮೂಲಪತ್ರದಲ್ಲಿ ನಿವೇಶನದ ಅಳತೆ 10 ಸೆಂಟು. ನನ್ನ ಪತ್ರದಲ್ಲಿ 4 ಗುಂಟೆ. ಎರಡೂ ಒಂದೇ. ಮದರಾಸಿನಲ್ಲಿ ಎಕರೆಗೆ 100 ಸೆಂಟು, ಮೈಸೂರಿನಲ್ಲಿ 40 ಗುಂಟೆ. ಅಲ್ಲಿನ ಪಟ್ಟಾ, ಅಡಂಗಲ್‌ಗಳ ಸ್ಥಾನಕ್ಕೆ ಇಲ್ಲಿನ ಪಹಣಿ ಬಂದಿತು. ಕರ್ಣಂ ಎಂಬ ಹೆಸರಿನ ಸ್ಥಾನಕ್ಕೆ ಶಾನುಭೋಗ ಎಂಬ ಹೆಸರು. ಹೊಸದಾಗಿ ಬಂದ ಅಧಿಕಾರಿಗಳಿಗೆ ಹಳೆಯ ಲೆಕ್ಕವನ್ನು ಬಿಡಿಸಿ ಹೇಳಲು ಊರಿನ ಹಿರಿಯರೇ ಬೇಕಾಗುತ್ತಿದ್ದರೆಂದು ಆಗ ಕೇಳಿದ್ದೆ. ದಫ್ತರವು ಕೈಬದಲಾದರೂ ತಿಳಿವಳಿಕೆ ತಾನಾಗಿ ಕೈಬದಲಾಗುವುದಿಲ್ಲ.

ಮನೆಯ ವಿಷಯದಲ್ಲಿಯೂ ಹಾಗೆಯೇ. ಕ್ರಯಪತ್ರದಲ್ಲಿ ನಾಲ್ಕೂ ದಿಕ್ಕಿನ ಚಕ್ಕುಬಂದಿ ಇತ್ತು. ಮನೆಯಲ್ಲಿ ಬಾಳುವುದು ಹೇಗೆಂಬುದು ಇರಲಿಲ್ಲ. ಅದನ್ನು ಆ ತಾಯಿ ಹೊರಡುವ ಮುನ್ನ ಎರಡು ದಿನ ನನ್ನನ್ನೂ ನನ್ನ ಮನೆಯವರನ್ನೂ ಜೊತೆಗೆ ಕರೆದುಕೊಂಡು ಓಡಾಡಿ ಹೇಳಿಕೊಟ್ಟರು. ಹಿತ್ತಲ ಬಾಗಿಲನ್ನು ತುಸು ಎತ್ತಿ ಹಿಡಿದರೆ ಮಾತ್ರ ಅಗುಳಿ ಬೀಳುತ್ತದೆ. ಮುಂಗಾರಿಗೆ ಮೊದಲು ಹೆಂಚು ಕೈಯಾಡಿಸಬೇಕು. ಚಿತ್ತೆ, ಸ್ವಾತಿಯ ಮಳೆ ಮೂಡಲಿಂದ ಬಡಿಯುವುದರಿಂದ ಆ ಕಡೆಯ ಗೋಡೆಗೆ ಸೋಗೆ ಕಟ್ಟಬೇಕು. ಹೀಗೆ ಹಲವು ಮಾತು. ಕೆಲವನ್ನು ನಾನು ಮರೆತು, ಗೋಡೆ ನೆನೆದ ಮೇಲೆ ನೆನಪಿಸಿಕೊಂಡದ್ದೂ ಉಂಟು.

ಕೊನೆಗೆ ಅಂಗಳದ ಮೂಲೆಯ ಒಂದು ಕಲ್ಲುಚಪ್ಪಡಿಯ ಬಳಿ ನಿಂತರು. ಅದರ ಕೆಳಗೆ ಹಗೇವು. ಕಿರಿದಾದ ಬಾಯಿ, ಒಳಗೆ ಗುಡಾಣದಂತೆ ಅಗಲವಾದ ಹೊಟ್ಟೆ. ಸುತ್ತ ಹುಲ್ಲು ಹಾಸಿ ರಾಗಿ ತುಂಬಿ, ಚಪ್ಪಡಿ ಮುಚ್ಚಿ, ಮಣ್ಣಿನಿಂದ ಮೆತ್ತಿದ್ದರು. ಒಳಗಿದ್ದ ರಾಗಿ ಅವರದೇ. ಮುಂದೆ ತೆಗೆಸಿಕೊಳ್ಳುವುದೆಂದು ಮಾತಾಗಿತ್ತು.

“ಬಾಯಿ ತಗ್ದೇಟ್ಗೆ ಯಾರ್ನೂ ಇಳಿಸ್ಬ್ಯಾಡಿ ಮೇಷ್ಟ್ರೇ. ದೀಪ ಬುಟ್ಟು ನೋಡಿ. ಆರೋದ್ರೆ ನಾಳೀಕೆ ನೋಡ್ಕಳಿ” ಎಂದರು.

“ಆಗಲಿ ಅವ್ವ” ಎಂದೆ. ನಿಜ ಹೇಳಬೇಕೆಂದರೆ, ಹಳೆಯ ಕಾಲದ ನಂಬಿಕೆ ಎಂದುಕೊಂಡಿದ್ದೆ.

ಎರಡು ವರ್ಷದ ಮೇಲೆ ಅವರ ಮಗ ರಾಗಿ ತರಲೆಂದು ಇಬ್ಬರನ್ನು ಗಾಡಿಯೊಂದಿಗೆ ಕಳುಹಿಸಿದರು. ಒಬ್ಬ ಕೂಲಿಯಾಳು, ಇನ್ನೊಬ್ಬ ಆ ತಾಯಿಯ ಮೊಮ್ಮಗ, ಹದಿನೇಳರ ಹುಡುಗ. ತಾಯಿ ಆಗ ಹಾಸಿಗೆ ಹಿಡಿದಿದ್ದರು. ಚಪ್ಪಡಿ ಸರಿಸಿದ್ದೇ ತಡ, ಹುಡುಗ ಹಗ್ಗ ಹಿಡಿದು ಕಾಲು ಇಳಿಬಿಟ್ಟ. ನಾನು ಅವನ ತೋಳು ಹಿಡಿದು ನಿಲ್ಲಿಸಿ, ಲಾಟೀನನ್ನು ಹಗ್ಗಕ್ಕೆ ಕಟ್ಟಿ ಇಳಿಸಿದೆ. ಎರಡು ಮೊಳ ಹೋಗುವಷ್ಟರಲ್ಲಿ ಆರಿತು. ಮತ್ತೆ ಹಚ್ಚಿ ಇಳಿಸಿದೆ, ಮತ್ತೆ ಆರಿತು. ಹುಡುಗನ ಮುಖ ಬಿಳಿಚಿಕೊಂಡಿತು. ನನ್ನದೂ ಹಾಗೆಯೇ ಆಗಿದ್ದಿರಬೇಕು. ಬಾಯಿ ತೆರೆದಿಟ್ಟು, ಸುತ್ತ ಮುಳ್ಳುಬೇಲಿ ಇಟ್ಟು, ಇಬ್ಬರನ್ನೂ ಮನೆಯಲ್ಲಿಯೇ ಉಳಿಸಿಕೊಂಡೆವು. ಮಾರನೆಯ ದಿನ ಮಧ್ಯಾಹ್ನ ದೀಪ ತಳದವರೆಗೂ ಉರಿಯಿತು. ಆಮೇಲೆಯೇ ಆಳು ಇಳಿದದ್ದು.

ಇದರಲ್ಲಿ ನಂಬಿಕೆಯ ಮಾತೇನೂ ಇಲ್ಲ. ಮುಚ್ಚಿದ ಹಗೇವಿನಲ್ಲಿ ಕಾಳು ಮತ್ತು ಹುಳುಗಳು ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತವೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದುದರಿಂದ ತಳದಲ್ಲಿ ನಿಲ್ಲುತ್ತದೆ. ಹುಳು ಸಾಯುವುದರಿಂದಲೇ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುವುದು. ಬರಗಾಲದಲ್ಲಿ ಮನೆಯನ್ನು ಕಾಯುತ್ತಿದ್ದ ಆ ಗಾಳಿಯೇ ಅವಸರದಲ್ಲಿ ಇಳಿದವನ ಪ್ರಾಣ ತೆಗೆಯಬಲ್ಲದು. ದೀಪವೂ ಪೂರ್ಣ ಭರವಸೆಯಲ್ಲವೆಂಬುದನ್ನು ಇಂದಿನವರು ಅರಿತಿರಬೇಕು. ಅದು ಎಲ್ಲ ವಿಷಗಾಳಿಯನ್ನೂ ತೋರಿಸಲಾರದು. ಪಾಳು ಬಾವಿಯಾಗಲಿ ಮಲದ ಗುಂಡಿಯಾಗಲಿ, ದೀಪವೊಂದನ್ನೇ ನಂಬಿ ಯಾರೂ ಇಳಿಯಬಾರದು.

ಆ ಹುಡುಗ ಮನೆಗೆ ಹೋಗಿ ನಡೆದುದನ್ನು ಹೇಳಿದನಂತೆ. ಅಜ್ಜಿ ಮನೆ ಕೊಂಡವನಿಗೆ ಹೇಳಿದ ಮಾತನ್ನು ಮೊಮ್ಮಗನಿಗೆ ಹೇಳಿರಲಿಲ್ಲ. ಅವನು ಆ ಮನೆಯಲ್ಲಿ ಬೆಳೆದವನಲ್ಲ, ಹೇಳುವ ಸಂದರ್ಭ ಬಂದಿರಲಿಲ್ಲ, ಅಷ್ಟೆ. ನಾನು ತಾಯಿಯನ್ನು ನೋಡಲು ಹೋಗಬೇಕೆಂದುಕೊಂಡೇ ಇದ್ದೆ. ಹೋಗುವ ಮೊದಲೇ ಅವರು ತೀರಿಕೊಂಡರು.

2004ರಲ್ಲಿ ನಾನು ಆ ಮನೆಯನ್ನು ಮಾರಿದಾಗ ಹಗೇವು ಬರಿದಾಗಿತ್ತು. ಮನೆಗೆ ಬೇಕಾದ ರಾಗಿಯನ್ನು ಮೂಟೆಯಲ್ಲಿ ಕೊಂಡುತರುವ ಕಾಲ ಬಂದಿತ್ತು. ಆದರೂ ಕ್ರಯಪತ್ರದ ಜೊತೆಗೆ ನನ್ನ ಕೈಬರಹದ ಒಂದು ಹಾಳೆಯನ್ನು ಕೊಟ್ಟೆ. ಅಗುಳಿ, ಹೆಂಚು, ಮೂಡಲ ಗೋಡೆ, ಹಗೇವು, ಎಲ್ಲವನ್ನೂ ಬರೆದಿದ್ದೆ. ಕೊಂಡವರು ಓದಿ ನಕ್ಕು ಜೇಬಿನಲ್ಲಿಟ್ಟುಕೊಂಡರು. ನಾನೂ ಒಮ್ಮೆ ಹಾಗೆಯೇ ಒಳಗೊಳಗೆ ನಕ್ಕವನು.

ಓದುಗರಲ್ಲಿ ಹಳೆಯ ಮನೆ ಮಾರುವವರಿದ್ದರೆ ಒಂದು ದಿನ ಹೆಚ್ಚಿಗೆ ನಿಂತು ಹೇಳಿ ಬನ್ನಿ, ಕೊಳ್ಳುವವರಿದ್ದರೆ ಕೇಳಿಸಿಕೊಳ್ಳಿ.